ಟೈರಿಗೆ ಗಾಳಿ ಹಾಕುವ ಸಣ್ಣ ಕಂಪ್ರೆಸರ್: ಅಕ್ಕನ ಪ್ರಶ್ನೆಗೂ ಭಾವನವರ ಮಾತಿಗೂ ಉತ್ತರ

ಎಲ್ಲರಿಗೂ ನಮಸ್ಕಾರ. ಅಕ್ಕ, ಕಾರಿನಲ್ಲಿ ಇಟ್ಟುಕೊಳ್ಳಲು ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಕೊಳ್ಳಬೇಕೆಂದು ಎರಡು ಪೆಟ್ಟಿಗೆಗಳ ಚಿತ್ರ ಹಾಕಿದ್ದೀರಿ. ಒಂದು ಕಾರಿನ ಸಾಕೆಟ್‌ಗೆ ಸಿಕ್ಕಿಸಿ ನಡೆಸುವಂಥದ್ದು, ಇನ್ನೊಂದು ತನ್ನೊಳಗೇ ಬ್ಯಾಟರಿ ಇರುವಂಥದ್ದು. ಎರಡರ ಮೇಲೂ 150 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ದಪ್ಪಕ್ಷರದಲ್ಲಿ ಬರೆದಿರುವಾಗ ಯಾವುದಾದರೇನು ಎಂದು ಕೇಳಿದ್ದೀರಿ. ಅದರ ಕೆಳಗೆ ಭಾವನವರು, ಟೈರಿನ ಮೇಲೆಯೇ ಒತ್ತಡದ ಸಂಖ್ಯೆ ಅಚ್ಚಾಗಿದೆಯಲ್ಲ, ಅಷ್ಟು ತುಂಬಿಬಿಟ್ಟರೆ ಆಯಿತು ಎಂದಿದ್ದಾರೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

ಮೊದಲು ಭಾವನವರ ಮಾತನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಎಷ್ಟು ಗಾಳಿ ಬೇಕೆಂಬುದು ತಿಳಿಯದಿದ್ದರೆ ಎಂಥ ಯಂತ್ರ ತಂದರೂ ಪ್ರಯೋಜನವಿಲ್ಲ. ಭಾವ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಆ ಟೈರಿಗೆ ತುಂಬಬಹುದಾದ ಗರಿಷ್ಠ ಒತ್ತಡ. ಒಂದೇ ಅಳತೆಯ ಟೈರ್ ಹಗುರವಾದ ಕಾರಿಗೂ ಭಾರವಾದ ಕಾರಿಗೂ ಹೋಗುವುದರಿಂದ, ನಿಮ್ಮ ಕಾರಿಗೆ ಎಷ್ಟು ಬೇಕೆಂಬುದನ್ನು ಟೈರ್ ತಯಾರಿಸಿದವರು ಹೇಳಲಾರರು. ಅದನ್ನು ಹೇಳಬೇಕಾದವರು ಕಾರು ತಯಾರಿಸಿದವರು. ಚಾಲಕನ ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಮೇಲೋ ಇಂಧನ ತುಂಬುವ ಕಡೆಯ ಮುಚ್ಚಳದ ಒಳಬದಿಯಲ್ಲೋ ಅವರು ಅಂಟಿಸಿದ ಚೀಟಿ ಇರುತ್ತದೆ, ಕಾರಿನ ಕೈಪಿಡಿಯಲ್ಲಿಯೂ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಆ ಅಂಕಿ 30ರಿಂದ 36 ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಇರಬಹುದು, ಕಾರಿನ ತುಂಬ ಜನ ಮತ್ತು ಸಾಮಾನು ಇದ್ದಾಗ ಎಷ್ಟು ಹೆಚ್ಚಿಸಬೇಕೆಂಬುದೂ ಕೆಲವು ಚೀಟಿಗಳಲ್ಲಿ ಇರುತ್ತದೆ. ಬೇಕಾದುದಕ್ಕಿಂತ ಹೆಚ್ಚು ತುಂಬಿದರೆ ಟೈರಿನ ನಡುಭಾಗ ಬೇಗ ಸವೆಯುತ್ತದೆ, ರಸ್ತೆಯ ಮೇಲಿನ ಹಿಡಿತವೂ ಕಡಿಮೆಯಾಗುತ್ತದೆ. ಕಡಿಮೆ ತುಂಬುವುದು ಅದಕ್ಕಿಂತ ಅಪಾಯಕರ: ಎರಡೂ ಅಂಚುಗಳು ಸವೆಯುವುದಲ್ಲದೆ, ಪ್ರತಿ ಸುತ್ತಿಗೂ ಪಕ್ಕದ ಗೋಡೆ ಬಾಗಿ ಬಾಗಿ ಟೈರ್ ಒಳಗಿನಿಂದ ಕಾಯುತ್ತದೆ, ವೇಗದಲ್ಲಿರುವಾಗ ಟೈರ್ ಸಿಡಿಯಲು ಈ ಕಾವು ಒಂದು ಮುಖ್ಯ ಕಾರಣ.

ಚೀಟಿಯಲ್ಲಿ ಪಿಎಸ್‌ಐ ಬದಲು ಬಾರ್ ಅಥವಾ ಕಿಲೋಪ್ಯಾಸ್ಕಲ್ ಎಂದಿದ್ದರೆ ಗಾಬರಿ ಬೇಡ. 1 ಬಾರ್ ಎಂದರೆ 100 ಕಿಲೋಪ್ಯಾಸ್ಕಲ್, ಅಂದರೆ 14.5 ಪಿಎಸ್‌ಐ, ಹಾಗಾಗಿ 2.3 ಬಾರ್, 230 ಕಿಲೋಪ್ಯಾಸ್ಕಲ್, 33 ಪಿಎಸ್‌ಐ ಎಲ್ಲವೂ ಹೆಚ್ಚುಕಡಿಮೆ ಒಂದೇ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಚೀಟಿಯಲ್ಲಿರುವ ಅಂಕಿ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು; ಕಾರು ಕನಿಷ್ಠ 3 ಗಂಟೆ ನಿಂತಿರಬೇಕು, ಆಮೇಲೆ ಓಡಿದ್ದರೂ ಒಂದೆರಡು ಕಿಲೋಮೀಟರ್ ದಾಟಿರಬಾರದು. ಓಡಿದ ಟೈರಿನೊಳಗಿನ ಗಾಳಿ ಬಿಸಿಯಾಗಿ ಒತ್ತಡ 4ರಿಂದ 6 ಪಿಎಸ್‌ಐವರೆಗೆ ಏರುವುದುಂಟು. ಈಗ ಯೋಚಿಸಿ ನೋಡಿ: ಗಾಳಿ ಹಾಕುವ ಜಾಗ ದೂರವಿದ್ದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಟೈರ್ ಬಿಸಿಯಾಗಿರುತ್ತದೆ, ನಾವು ಅದೇ ಬಿಸಿ ಟೈರಿಗೆ ಚೀಟಿಯಲ್ಲಿದ್ದಷ್ಟೇ ತುಂಬಿಸಿಕೊಂಡು ಸಮಾಧಾನದಿಂದ ಬರುತ್ತೇವೆ, ಮಾರನೆಯ ಬೆಳಗ್ಗೆ ಅಳೆದರೆ ಮೂರೋ ನಾಲ್ಕೋ ಪಿಎಸ್‌ಐ ಕಡಿಮೆ ಇರುತ್ತದೆ. ಕಾರು ನಿಲ್ಲಿಸಿದ ಜಾಗದಲ್ಲೇ, ಅದನ್ನು ಕದಲಿಸುವ ಮೊದಲೇ ಗಾಳಿ ನೋಡಿ ತುಂಬಬಹುದು ಎನ್ನುವುದೇ ಸ್ವಂತ ಕಂಪ್ರೆಸರ್ ಇಟ್ಟುಕೊಳ್ಳಲು ನನ್ನ ಮಟ್ಟಿಗೆ ಮೊದಲ ಕಾರಣ. ಪಂಕ್ಚರ್ ಆದಾಗ ಉಪಯೋಗಕ್ಕೆ ಬರುತ್ತದೆ ಎಂಬುದು ಅದರ ನಂತರದ್ದು. ಯಾವ ತೂತೂ ಇಲ್ಲದ ಒಳ್ಳೆಯ ಟೈರ್ ಕೂಡ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು 1 ಪಿಎಸ್‌ಐ ಕಳೆದುಕೊಳ್ಳುತ್ತದೆ, ಹೊರಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಒಂದೂವರೆಯಿಂದ 2 ಪಿಎಸ್‌ಐ ಇಳಿಯುತ್ತದೆ. ತಿಂಗಳಿಗೊಮ್ಮೆ, ಮತ್ತು ದೂರ ಪ್ರಯಾಣದ ಮುನ್ನ, ಬೆಳಗಿನ ಹೊತ್ತು ನೋಡಿಕೊಂಡರೆ ಸಾಕು. ಡ್ಯಾಶ್‌ಬೋರ್ಡಿನಲ್ಲಿ ಟೈರ್ ಒತ್ತಡದ ದೀಪ ಹೊತ್ತಿಕೊಂಡಾಗ ನೋಡಿದರಾಯಿತು ಎಂದು ಕಾಯಬೇಡಿ; ಅನೇಕ ಕಾರುಗಳಲ್ಲಿ ಒತ್ತಡ ಸುಮಾರು ಕಾಲು ಭಾಗ ಇಳಿದ ಮೇಲೆಯೇ ಅದು ಎಚ್ಚರಿಸುವುದು.

ಇನ್ನು 150 ಪಿಎಸ್‌ಐ ವಿಚಾರ. ಅದು ಆ ಯಂತ್ರ ಮುಟ್ಟಬಲ್ಲ ಕೊನೆಯ ಒತ್ತಡ, ಗಾಳಿ ತುಂಬುವ ವೇಗವಲ್ಲ. ನಮಗೆ ಬೇಕಾಗಿರುವುದು ಅದರ ಕಾಲು ಭಾಗ ಮಾತ್ರ, ಆದ್ದರಿಂದ ಆ ಅಂಕಿಯನ್ನು ನೋಡದೆಯೇ ಮುಂದೆ ಹೋಗಬಹುದು. ನೋಡಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಎಂಬುದನ್ನು. 15 ಇಂಚಿನ ಸಾಮಾನ್ಯ ಕಾರಿನ ಟೈರಿನ ಒಳಗಿನ ಜಾಗ ಸುಮಾರು 34 ಲೀಟರ್ ಎಂದಿಟ್ಟುಕೊಳ್ಳಿ. ಒತ್ತಡ 20 ಪಿಎಸ್‌ಐಗೆ ಇಳಿದಿರುವುದನ್ನು 33ಕ್ಕೆ ಏರಿಸಲು ಹೊರಗಿನಿಂದ 30 ಲೀಟರಿನಷ್ಟು ಗಾಳಿ ಒಳಗೆ ಹೋಗಬೇಕು. ಪೂರ್ತಿ ಕೂತುಹೋದ ಟೈರಿಗೆ ಸುಮಾರು 80 ಲೀಟರ್ ಬೇಕು. ನಿಮಿಷಕ್ಕೆ 10 ಲೀಟರ್ ಕೊಡುವ ಪುಟ್ಟ ಯಂತ್ರಕ್ಕೆ ಮೊದಲನೆಯದು 3 ನಿಮಿಷದ ಕೆಲಸ, ಎರಡನೆಯದು 8 ನಿಮಿಷದ ಕೆಲಸ; 30 ಲೀಟರ್ ಕೊಡುವುದಾದರೆ ಎರಡೂ 3 ನಿಮಿಷದೊಳಗೆ ಮುಗಿಯುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಬರೆಯುವ ಲೀಟರ್ ಲೆಕ್ಕ ಬಹಳ ಸಲ ಎದುರೊತ್ತಡವೇ ಇಲ್ಲದೆ ಗಾಳಿಯನ್ನು ಬಯಲಿಗೆ ಬಿಟ್ಟಾಗಿನದು. ಟೈರಿನೊಳಗೆ ಒತ್ತಡ ಏರಿದಂತೆ ಅದು ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಇಷ್ಟು ಅಳತೆಯ ಟೈರನ್ನು ಇಷ್ಟರಿಂದ ಇಷ್ಟಕ್ಕೆ ಇಷ್ಟು ನಿಮಿಷದಲ್ಲಿ ತುಂಬುತ್ತದೆ ಎಂದು ಬಿಡಿಸಿ ಬರೆದಿರುವವರನ್ನು ಹೆಚ್ಚು ನಂಬಿ.

ಎರಡನೆಯದಾಗಿ, ಬಿಡುವಿಲ್ಲದೆ ಎಷ್ಟು ಹೊತ್ತು ಓಡಬಹುದು ಎಂಬುದು. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುವ ಹಾಗೆ ಇಲ್ಲಿಯೂ ಗಾಳಿಯನ್ನು ಅದುಮಿದಷ್ಟೂ ಸಿಲಿಂಡರ್ ಕಾಯುತ್ತದೆ, ಆದ್ದರಿಂದ ಸಣ್ಣ ಯಂತ್ರಗಳಲ್ಲಿ 8, 10 ಅಥವಾ 15 ನಿಮಿಷ ಓಡಿಸಿದ ಮೇಲೆ ಅಷ್ಟೇ ಹೊತ್ತು ಆರಲು ಬಿಡಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದನ್ನು ಲೆಕ್ಕಿಸದೆ ನಾಲ್ಕೂ ಟೈರಿಗೆ ಒಂದೇ ಸಮನೆ ಓಡಿಸಿದವರ ಯಂತ್ರಗಳೇ ಬೇಗ ಹಾಳಾಗುವುದು. ದೊಡ್ಡ ಟೈರಿನ ಎಸ್‌ಯುವಿ ಇರುವವರು ಎರಡು ಸಿಲಿಂಡರಿನದನ್ನೇ ನೋಡುವುದು ಒಳ್ಳೆಯದು. ಹೊರಮೈ ಪ್ಲಾಸ್ಟಿಕ್ ಆಗಿದ್ದರೂ ಚಿಂತೆಯಿಲ್ಲ, ಒಳಗಿನ ಸಿಲಿಂಡರ್ ಲೋಹದ್ದಾಗಿರಲಿ.

ಮೂರನೆಯದು ವಿದ್ಯುತ್ತು, ಯಾರೂ ಕೇಳದ ಆದರೆ ಎಲ್ಲರೂ ಕೇಳಬೇಕಾದ ವಿಚಾರ. ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಾಮಾನ್ಯವಾಗಿ 10, 15 ಅಥವಾ 20 ಆಂಪಿಯರ್ ಫ್ಯೂಸ್ ಇರುತ್ತದೆ. ಫ್ಯೂಸ್ 10 ಆಂಪಿಯರಿನದಾಗಿದ್ದರೆ ಆ ಸಾಕೆಟ್‌ನಿಂದ ಪಡೆಯಬಹುದಾದದ್ದು 120 ವಾಟ್ ಅಷ್ಟೇ. ಅದಕ್ಕೆ 15 ಆಂಪಿಯರ್ ಎಳೆಯುವ ಕಂಪ್ರೆಸರ್ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ. ಹೋಯಿತೆಂದು ದೊಡ್ಡ ಫ್ಯೂಸ್ ಹಾಕುವ ಸಾಹಸ ಬೇಡವೇ ಬೇಡ, ಆಗ ಸುಡುವುದು ಒಳಗಿನ ತಂತಿ. 25, 30 ಆಂಪಿಯರ್ ಎಳೆಯುವ ದೊಡ್ಡ ಯಂತ್ರಗಳನ್ನು ಕ್ಲಿಪ್‌ಗಳ ಮೂಲಕ ನೇರವಾಗಿ ಕಾರಿನ ಬ್ಯಾಟರಿಗೇ ಹಿಡಿಸಬೇಕು, ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಅಕ್ಕ, ಯಂತ್ರ ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದು ಪೆಟ್ಟಿಗೆಯ ಹಿಂದೆ ಇರುತ್ತದೆ, ನಿಮ್ಮ ಕಾರಿನ ಸಾಕೆಟ್ ಎಷ್ಟು ತಾಳುತ್ತದೆ ಎಂಬುದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಹಣ ಕೊಡುವ ಮುನ್ನ ಎರಡನ್ನೂ ಹೋಲಿಸಿ ನೋಡಿ.

ವೈರ್ ಮತ್ತು ಹೋಸ್ ಎರಡೂ ಸೇರಿ ಸಾಕೆಟ್‌ನಿಂದ ಹಿಂದಿನ ಚಕ್ರದವರೆಗೆ ಎಳೆಯದೆ ತಲುಪುತ್ತವೆಯೇ ಎಂದು ಅಳೆದುಕೊಳ್ಳಿ. ವಾಲ್ವಿಗೆ ತಿರುಗಿಸಿ ಕೂರಿಸುವ ಬಾಯಿಯೇ ನನಗೆ ಇಷ್ಟ. ಬಿಚ್ಚುವಾಗ ಸ್ವಲ್ಪ ಗಾಳಿ ಹೋದರೂ ಅದು ತಾನಾಗಿ ಕಳಚಿಕೊಳ್ಳುವುದಿಲ್ಲ, ಲಿವರ್ ಒತ್ತಿ ಕೂರಿಸುವಂಥದ್ದು ಬೇಗ ಕೂರುತ್ತದೆಯಾದರೂ ಸವೆದ ಮೇಲೆ ಸೋರತೊಡಗುತ್ತದೆ. ಬೇಕಾದಷ್ಟು ಅಂಕಿ ಹೊಂದಿಸಿಟ್ಟರೆ ತಾನೇ ನಿಲ್ಲುವ ಡಿಜಿಟಲ್ ಯಂತ್ರ ಕೊಳ್ಳಿ, ಆದರೆ ಅದರ ಮಾತನ್ನೇ ಕೊನೆಯ ಮಾತೆಂದು ತೆಗೆದುಕೊಳ್ಳಬೇಡಿ. ಗಾಳಿ ನುಗ್ಗುತ್ತಿರುವಾಗ ಹೋಸಿನೊಳಗಿನ ಒತ್ತಡ ಟೈರಿನೊಳಗಿನದಕ್ಕಿಂತ ಹೆಚ್ಚಿರುವುದರಿಂದ ಓಡುತ್ತಿರುವ ಯಂತ್ರ ತುಸು ಹೆಚ್ಚೇ ತೋರಿಸಬಹುದು. ನಿಂತ ಮೇಲೆ ತೋರಿಸುವುದನ್ನು ನೋಡಿ, ಆಮೇಲೆ ಬೇರೆಯದೇ ಆದ ಒಂದು ಗೇಜಿನಿಂದ ಅಳೆಯಿರಿ.

ಬ್ಯಾಟರಿ ಇರುವುದೋ ವೈರ್ ಇರುವುದೋ ಎಂಬ ನಿಮ್ಮ ಪ್ರಶ್ನೆಗೆ ನನ್ನ ಅಭಿಪ್ರಾಯ ಇಷ್ಟು. ಬ್ಯಾಟರಿಯದು ಬಳಸಲು ಬಹಳ ಸುಲಭ, ಸಾಕೆಟ್‌ನ ಗೊಡವೆಯಿಲ್ಲ, ಸ್ಕೂಟರಿಗೂ ಒಯ್ಯಬಹುದು. ಆದರೆ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಬ್ಯಾಟರಿ ಬೇಕಾದ ಹೊತ್ತಿಗೆ ಖಾಲಿಯಾಗಿರಬಹುದು, ಬಿಸಿಲಿಗೆ ನಿಂತ ಕಾರಿನೊಳಗಿನ ಕಾವು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ, ಚಿಕ್ಕವು ಒಂದೆರಡು ಟೈರ್ ತುಂಬುವಷ್ಟರಲ್ಲಿ ಸುಸ್ತಾಗುತ್ತವೆ. ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಬಳಸುವವರಿಗೆ ಅದು ಸರಿ. ನೀವು ಕೇಳಿರುವುದು ಕಾರಿನಲ್ಲೇ ಇಟ್ಟುಕೊಳ್ಳಲು, ಆದ್ದರಿಂದ ವೈರ್ ಇರುವುದನ್ನೇ ತೆಗೆದುಕೊಳ್ಳಿ.

ಬಳಸುವ ಕ್ರಮದಲ್ಲಿ ಕಷ್ಟವೇನಿಲ್ಲ. ಕಾರನ್ನು ಸಮತಟ್ಟಾದ, ವಾಹನಗಳಿಂದ ದೂರವಿರುವ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಬ್ಯಾಟರಿ ಇಳಿಯದಿರಲೆಂದು ಎಂಜಿನ್ ಚಾಲೂ ಇಡುವುದಾದರೆ ತೆರೆದ ಬಯಲಿನಲ್ಲಿ ಮಾತ್ರ ಇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಜೀವ ತೆಗೆಯಬಲ್ಲದು. ಯಂತ್ರವನ್ನು ಮಣ್ಣಿನ ಮೇಲಿಡದೆ ಒಂದು ಮ್ಯಾಟ್ ಹಾಸಿ ಇಡಿ, ಇಲ್ಲದಿದ್ದರೆ ಧೂಳೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ವಾಲ್ವಿನ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಳ್ಳಿ, ನೆಲದ ಮೇಲಿಟ್ಟರೆ ಅದು ಸಿಗುವುದಿಲ್ಲ. ಮೊದಲು ಅಳೆಯಿರಿ, ಆಮೇಲೆ ಹೋಸ್ ಸಿಕ್ಕಿಸಿ ಅಂಕಿ ಹೊಂದಿಸಿ ಚಾಲೂ ಮಾಡಿ, ಮುಗಿಯುವವರೆಗೆ ಹತ್ತಿರದಲ್ಲೇ ಇರಿ, ಆದರೆ ಟೈರಿನ ಪಕ್ಕದ ಗೋಡೆಗೆ ಮುಖ ಮಾಡಿ ಕೂರಬೇಡಿ. ಹೋಸಿನ ತುದಿಯ ಲೋಹದ ಭಾಗ ಕೈ ಸುಡುವಷ್ಟು ಬಿಸಿಯಾಗಿರುತ್ತದೆ, ಬಟ್ಟೆ ಹಿಡಿದು ಬಿಚ್ಚಿ. ದಾರಿಯಲ್ಲಿ ಬಿಸಿ ಟೈರಿಗೇ ತುಂಬಬೇಕಾಗಿ ಬಂದರೆ ಅದೇ ಸಾಲಿನ ಇನ್ನೊಂದು ಬದಿಯ ಟೈರಿನಷ್ಟು ತುಂಬಿ, ಮಾರನೆಯ ಬೆಳಗ್ಗೆ ತಣ್ಣಗಿರುವಾಗ ಸರಿಪಡಿಸಿ. ಬಿಸಿಯಿಂದ ಏರಿದ ಒತ್ತಡವನ್ನು ಹೆಚ್ಚಾಯಿತೆಂದು ಎಂದಿಗೂ ಬಿಡಬೇಡಿ.

ಪಂಕ್ಚರ್ ವಿಷಯಕ್ಕೆ ಬಂದರೆ, ಈ ಯಂತ್ರ ತೂತು ಮುಚ್ಚುವುದಿಲ್ಲ, ಹೊತ್ತು ಕೊಡುತ್ತದೆ ಅಷ್ಟೇ. ಟ್ಯೂಬ್‌ಲೆಸ್ ಟೈರಿನ ರಸ್ತೆಗೆ ತಾಗುವ ಭಾಗದಲ್ಲಿ ಮೊಳೆ ಹೊಕ್ಕಿದ್ದರೆ ಅದನ್ನು ಕೀಳದೆ ಗಾಳಿ ತುಂಬಿ, ಒತ್ತಡ ನಿಲ್ಲುತ್ತದೆಯೇ ಎಂದು ಕೆಲವು ನಿಮಿಷ ನೋಡಿ, ನಿಧಾನವಾಗಿ ರಿಪೇರಿಯವರ ಬಳಿಗೆ ಹೋಗಬಹುದು. ಪಕ್ಕದ ಗೋಡೆ ಸೀಳಿದ್ದರೆ ಅಥವಾ ಉಬ್ಬಿದ್ದರೆ, ಗಾಳಿಯಿಲ್ಲದೆಯೇ ಸ್ವಲ್ಪ ದೂರ ಓಡಿಸಿಬಿಟ್ಟಿದ್ದರೆ, ಅದಕ್ಕೆ ತುಂಬಲು ಹೋಗಬೇಡಿ. ಒಳಗಿನ ಪದರಗಳು ಕಡಿದಿರಬಹುದು. ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಂಡಿದ್ದರೆ ಈ ಸಣ್ಣ ಯಂತ್ರದ ಗಾಳಿಗೆ ಅದನ್ನು ಮತ್ತೆ ಕೂರಿಸುವ ಬಲವಿರುವುದಿಲ್ಲ. ಟ್ಯೂಬ್ ಇರುವ ಟೈರ್ ಪಂಕ್ಚರ್ ಆದರೆ ತುಂಬಿದ್ದೆಲ್ಲ ಕಣ್ಣೆದುರೇ ಹೊರಹೋಗುತ್ತದೆ. ಇನ್ನು ಒಂದೇ ಟೈರ್ ಉಳಿದ ಮೂರಕ್ಕಿಂತ ಬೇಗ ಬೇಗ ಇಳಿಯುತ್ತಿದ್ದರೆ ವಾಲ್ವಿಗೂ ರಿಮ್ಮಿನ ಅಂಚಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ವಾರ ವಾರ ತುಂಬುತ್ತ ಕೂರುವ ಬದಲು ರಿಪೇರಿ ಮಾಡಿಸಿ.

ಸ್ಟೆಪ್ನಿಯನ್ನು ಮಾತ್ರ ಎಲ್ಲರೂ ಮರೆಯುತ್ತೇವೆ. ಅದು ಉಳಿದವುಗಳಷ್ಟೇ ದೊಡ್ಡದಾಗಿದ್ದರೆ ಚೀಟಿಯಲ್ಲಿರುವ ಅತಿ ಹೆಚ್ಚಿನ ಅಂಕಿಗೆ ತುಂಬಿಡಿ, ಬೇಕಾದಾಗ ಇಳಿಸಿಕೊಳ್ಳುವುದು ಸುಲಭ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕಾಗುತ್ತದೆ, ಅದರ ಮೇಲೆಯೇ ಬರೆದಿರುತ್ತದೆ; ಅಷ್ಟು ಒತ್ತಡಕ್ಕೆ ಏರಿಸುವಾಗ ಯಂತ್ರ ನಿಧಾನವಾಗುತ್ತದೆ, ಬಹಳ ಬಿಸಿಯಾಗುತ್ತದೆ, ಆದ್ದರಿಂದ ಉಳಿದ ನಾಲ್ಕನ್ನು ತುಂಬಿದ ಕೂಡಲೇ ಅದಕ್ಕೆ ಹೋಗದೆ ಯಂತ್ರ ಆರಿದ ಮೇಲೆ ತುಂಬಿ.