ಗ್ಲಾಸ್ಗೋ ಮಳೆ ಚಳಿ ಎರಡಕ್ಕೂ ಆಗೋ ಲೇಡೀಸ್ ಕೋಟ್, ಹಾಕ್ಕೊಂಡ್ರೆ ಮೂಟೆ ಥರ ಕಾಣ್ಬಾರ್ದು. ಸಿಗುತ್ತಾ?

ತೀರ್ಥಳ್ಳಿ_ಮಳೆಹುಡ್ಗಿ

ಎಲ್ರಿಗೂ ನಮಸ್ಕಾರ. ಜನವರಿ ಎರಡನೇ ವಾರ ಗ್ಲಾಸ್ಗೋಗೆ ಹೊರಟಿದೀನಿ, ಕೆಲಸದ ಮೇಲೆ, ಕಮ್ಮಿ ಅಂದ್ರೂ ಎರಡು ವರ್ಷ. ಊರು ತೀರ್ಥಹಳ್ಳಿ ಕಡೆ, ಮಳೆಗೆ ಹೆದರೋ ಜೀವ ಅಲ್ಲ. ಆದ್ರೆ ನಮ್ಮಲ್ಲಿ ನೆಂದ್ಕೊಂಡು ಬಂದ್ರೆ ಬಚ್ಚಲೊಲೆ ಮುಂದೆ ಹತ್ತು ನಿಮಿಷ ಕೂತ್ರೆ ಮುಗೀತು, ಅಲ್ಲಿ 3-4 ಡಿಗ್ರೀಲಿ ನೆಂದು ಆಫೀಸಲ್ಲಿ ಎಂಟು ಗಂಟೆ ಕೂರೋದು ನೆನೆಸ್ಕೊಂಡ್ರೇ ಮೈ ಜುಮ್ ಅನ್ನುತ್ತೆ.

ನನ್ನ ಹಳೇ ಕಥೆ ಕೇಳಿ. ಹೋದ ವರ್ಷ ನವೆಂಬರಲ್ಲಿ ಆಫೀಸ್ ಕೆಲಸಕ್ಕೆ ಆಮ್‌ಸ್ಟರ್‌ಡ್ಯಾಮ್ ಹೋಗಿದ್ದೆ, ಹೋಗೋ ಮುಂಚೆ ಒಂದು ಪಫರ್ ಜಾಕೆಟ್ ತಗೊಂಡೆ, ಟ್ಯಾಗ್ ಮೇಲೆ ದಪ್ಪಕ್ಷರದಲ್ಲಿ ವಾಟರ್‌ಪ್ರೂಫ್ ಅಂತಾನೇ ಇತ್ತು. ಅರ್ಧ ಗಂಟೆ ಜಿಟಿಜಿಟಿ ಮಳೆ ಅಷ್ಟೇ, ಭುಜ ಎರಡೂ ಒದ್ದೆ, ಒಳಗಿದ್ದ ಪುಕ್ಕ ಎಲ್ಲಾ ಗಂಟು ಗಂಟಾಗಿ ಹಾಳಾದ ಉಪ್ಪಿಟ್ಟು. ಅದೂ ಹೋಗ್ಲಿ ಅಂದ್ರೆ ಫೋಟೋದಲ್ಲಿ ನಾನು ಗ್ಯಾಸ್ ಸಿಲಿಂಡರ್‌ಗೆ ಕವರ್ ಹಾಕ್ದಂಗೆ ಕಾಣ್ತೀನಿ. ನಾನಿರೋದೇ 5 ಅಡಿ 1 ಇಂಚು, ಸೊಂಟದ ಕೆಳಗೆ ಸ್ವಲ್ಪ ದಪ್ಪ, ಹಾಗಾಗಿ ಸಿಕ್ಕಿದ್ದೆಲ್ಲ ಒಪ್ಪೋದಿಲ್ಲ.

ಬಜೆಟ್ 150 ಪೌಂಡ್, ತುಂಬಾ ಚೆನ್ನಾಗಿದ್ರೆ 180ರ ತನಕ ಎಳೀಬಹುದು. ದಿನಾ 20 ನಿಮಿಷ ನಡೆದು ಸಬ್‌ವೇ (ಅಲ್ಲಿನ ಮೆಟ್ರೋ) ಹಿಡೀಬೇಕು. ಆಫೀಸಿಗೆ ಜೀನ್ಸ್, ಕುರ್ತಾ ಎರಡೂ ಹಾಕ್ತೀನಿ. ಫ್ರೆಂಡ್ ಒಬ್ಳು ಉದ್ದದ ವುಲನ್ ಕೋಟ್ ತಗೊ, ಕ್ಲಾಸಾಗಿ ಕಾಣುತ್ತೆ ಅಂತಿದಾಳೆ. ತಗೊಳ್ಲಾ? ಇಲ್ಲೇ ಬೆಂಗಳೂರಲ್ಲಿ ತಗೊಂಡು ಹೋಗ್ಲಾ, ಅಲ್ಲಿಗೆ ಹೋಗಿ ತಗೊಳ್ಲಾ?

ಕ್ಯಾಲ್ಗರಿ_ಕಾಫಿ

ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ, ಒಳ್ಳೇ ಡೌನ್ ಪಾರ್ಕಾ, ಅಂದ್ರೆ ಪುಕ್ಕ ತುಂಬಿದ ಟೋಪಿ ಇರೋ ಉದ್ದ ಕೋಟು ತಗೊಳ್ಳಿ, 700 ಫಿಲ್ ಪವರ್ (ಪುಕ್ಕ ಎಷ್ಟು ಉಬ್ಬುತ್ತೆ ಅನ್ನೋ ಅಳತೆ), ಟೋಪಿ ಸುತ್ತ ಫರ್ ಇರೋದು. ನಾನು ಮೈನಸ್ 30ರಲ್ಲಿ ಒಳಗೆ ಒಂದು ಟೀಶರ್ಟ್ ಹಾಕ್ಕೊಂಡು ಅದೊಂದರಲ್ಲೇ ಓಡಾಡ್ತೀನಿ. ಆರು ಚಳಿಗಾಲ ಆಯ್ತು, ಒಂದೇ ಕೋಟು.

ಕ್ಲೈಡ್_ದಂಡೆ_ಅಕ್ಕ

ಕ್ಯಾಲ್ಗರಿಯವ್ರೇ, ಬೇಜಾರಾಗ್ಬೇಡಿ, ನಿಮ್ಮ ಸಲಹೆ ನಿಮ್ಮೂರಿಗೆ ಸರಿ, ಇಲ್ಲಿಗೆ ಪೂರ್ತಿ ಉಲ್ಟಾ. ನಿಮ್ಮದು ಒಣ ಚಳಿ, ಮೈ ಮೇಲೆ ಬೀಳೋದು ಹಿಮ, ಕೊಡವಿದ್ರೆ ಉದುರುತ್ತೆ. ಗ್ಲಾಸ್ಗೋ ಚಳಿಗಾಲ ಅಂದ್ರೆ ಹಗಲು 6-7 ಡಿಗ್ರಿ, ರಾತ್ರಿ ಒಂದೆರಡು, ಮೈನಸ್ ಹತ್ತಕ್ಕೆ ಹೋಗೋದು ಅಪರೂಪದಲ್ಲಿ ಅಪರೂಪ. ಥರ್ಮಾಮೀಟರ್ ನೋಡಿದ್ರೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಗಾಳಿ, ಅದ್ರ ಜೊತೆ ಅಡ್ಡಡ್ಡ ಬರೋ ಮಳೆ. ನಾನು ಬಂದು ಒಂಬತ್ತು ವರ್ಷ, ಮೊದಲನೇ ವರ್ಷ ನಾಲ್ಕು ಕೊಡೆ ಮುರಿದೆ, ಆಮೇಲೆ ಕೊಡೆ ಅನ್ನೋದನ್ನೇ ಮರೆತೆ.

ಮಳೆಹುಡ್ಗಿ, ನೀನು ಆಗುಂಬೆ ಕಡೆಯವಳಾದ್ರೆ ಇಲ್ಲಿ ಬೀಳೋ ನೀರು ನಿಂಗೆ ಲೆಕ್ಕಕ್ಕೇ ಇಲ್ಲ. ಇಲ್ಲಿ ಇಡೀ ವರ್ಷಕ್ಕೆ 1,200 ಮಿ.ಮೀ. ಆಸುಪಾಸು, ಅದರ ಎರಡರಷ್ಟು ಆಗುಂಬೇಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತೆ. ಆದ್ರೆ ಇಲ್ಲಿ ಅದನ್ನೇ ವರ್ಷದ ಅರ್ಧದಷ್ಟು ದಿನಗಳಿಗೆ ಹಂಚಿ ಹಂಚಿ ಚಿಮುಕಿಸ್ತಾರೆ, ನಿಲ್ಲೋದೇ ಇಲ್ಲ. ಹಾಗಾಗಿ ಇಲ್ಲಿ ನೀರು, ಗಾಳಿ ತಡೆಯೋದು ಮೊದ್ಲು, ಬೆಚ್ಚಗಿರೋದು ಆಮೇಲೆ. ಒಣಗಿದ್ರೆ ಅರ್ಧ ಚಳಿ ಅಲ್ಲೇ ಹೋಯ್ತು.

ಈಗ ಆ ವಾಟರ್‌ಪ್ರೂಫ್ ಅನ್ನೋ ಪದ. ನೀನು ಮೋಸ ಹೋಗಿದ್ದು ಇಲ್ಲೇ. ಬಟ್ಟೆ ನೀರು ತಡೆಯೋದು ಬೇರೆ, ಕೋಟು ನೀರು ತಡೆಯೋದು ಬೇರೆ. ಪಫರ್ ಅಂದ್ರೆ ಸಾಲು ಸಾಲು ಹೊಲಿಗೆ, ಒಂದೊಂದು ಹೊಲಿಗೇಲೂ ಸೂಜಿ ಮಾಡಿದ ಸಾವಿರ ತೂತು, ಬಟ್ಟೆ ಎಷ್ಟು ಚೆನ್ನಾಗಿದ್ರೂ ನೀರು ಅಲ್ಲಿಂದ ಇಳಿಯುತ್ತೆ. ಅಂಗಡೀಲಿ ನಾಲ್ಕು ಹನಿ ಚಿಮುಕಿಸಿ ಮುತ್ತಿನ ಥರ ಜಾರೋದು ತೋರಿಸ್ತಾರಲ್ಲ, ಅದಕ್ಕೂ ಮರುಳಾಗ್ಬೇಡ, ಅದು ಮೇಲ್ಗಡೆ ಹೊಡೆದಿರೋ ಕೋಟಿಂಗ್ ಅಷ್ಟೇ, ನಾಲ್ಕು ತಿಂಗಳು ಬ್ಯಾಗ್ ಪಟ್ಟಿ ಉಜ್ಜಿದ್ರೆ ಭುಜದ ಮೇಲೆ ಸವೆದು ಹೋಗುತ್ತೆ. ಕೋಟನ್ನ ಒಳಮೈ ಹೊರಗೆ ಮಾಡಿ ನೋಡು. ಪ್ರತಿ ಹೊಲಿಗೆ ಮೇಲೂ ಒಂದು ಬೆರಳಗಲದ ಟೇಪ್ ಅಂಟಿಸಿರ್ಬೇಕು, ಲೈನಿಂಗ್ ಅಡ್ಡ ಬಂದು ಕಾಣ್ಲಿಲ್ಲ ಅಂದ್ರೆ ಲೇಬಲ್ಲಲ್ಲಿ ಫುಲ್ಲಿ ಟೇಪ್ಡ್ ಸೀಮ್ಸ್ ಅಂತ ಹುಡುಕು. ಕ್ರಿಟಿಕಲಿ ಟೇಪ್ಡ್ ಅಂತಿದ್ರೆ ಭುಜ, ಟೋಪಿ ಹೀಗೆ ಮುಖ್ಯ ಅನ್ನಿಸಿದ ಕಡೆ ಮಾತ್ರ ಹಾಕಿರ್ತಾರೆ. ವಾಟರ್ ರೆಸಿಸ್ಟೆಂಟ್, ವಾಟರ್ ರಿಪೆಲೆಂಟ್, ಶವರ್‌ಪ್ರೂಫ್ ಈ ಮೂರೂ ಒಂದೇ ಮನೆ ಮಕ್ಕಳು, ಬಸ್ ಸ್ಟಾಪಿಂದ ಬಾಗಿಲ ತನಕ ಮಾತ್ರ.

ಆಮೇಲೆ ಟೋಪಿ. ಮುಂದೆ ಸ್ವಲ್ಪ ಗಟ್ಟಿ ಅಂಚು ಇರ್ಬೇಕು, ಹಿಂದಿಂದ ಎಳೆದು ಬಿಗಿ ಮಾಡೋ ದಾರ ಇರ್ಬೇಕು, ಇಲ್ಲಾಂದ್ರೆ ಗಾಳಿ ಹೊಡೆದ ತಕ್ಷಣ ಹಿಂದೆ ಹೋಗಿ ಬೆನ್ನಲ್ಲಿ ನೀರು ತುಂಬ್ಕೊಳ್ಳೋ ಚೀಲ ಆಗುತ್ತೆ. ಫರ್ ಅಂತೂ ಇಲ್ಲಿ ಬೇಡವೇ ಬೇಡ, ನೆಂದ ಬೆಕ್ಕನ್ನ ಕುತ್ತಿಗೆಗೆ ಸುತ್ಕೊಂಡ ಹಾಗೆ.

ದಾರ_ಸೂಜಿ_ಹುಬ್ಬಳ್ಳಿ

ಅಕ್ಕಾರು ಹೇಳಿದ್ದು ಖರೇ ಐತ್ರಿ. ನಾ ಜವಳಿ ಲೈನಿನ್ಯಾಗ ಕೆಲಸ ಮಾಡಾವ, ಒಂದೆರಡು ಮಾತು ಸೇರಸ್ತೀನಿ. ಲೇಬಲ್ ಮ್ಯಾಲೆ 5,000, 10,000, 20,000 ಅಂತ ನಂಬರ್ ಬರದಿರ್ತಾರ ನೋಡ್ರಿ, ಅದು ಮಿ.ಮೀ. ಲೆಕ್ಕ. 10,000 ಅಂದ್ರ ಆ ಬಟ್ಟಿ ಮ್ಯಾಲೆ ಹತ್ತು ಮೀಟರ್ ಎತ್ತರ ನೀರು ನಿಲ್ಲಿಸಿದ್ರೂ ಸೋರೂದಿಲ್ಲ ಅಂತ. ಬ್ರಿಟನ್ನಿನ್ಯಾಗ 1,500 ಇದ್ರ ಸಾಕು, ವಾಟರ್‌ಪ್ರೂಫ್ ಅಂತ ಕರದು ಮಾರ್ತಾರ. ಆದ್ರ ನೀವು ಬ್ಯಾಗ್ ಹಾಕ್ಕೊಂಡ್ರ ಭುಜದ ಮ್ಯಾಲೆ ಒತ್ತಡ, ಒದ್ದಿ ಸೀಟಿನ ಮ್ಯಾಲೆ ಕುಂತ್ರ ಇನ್ನೂ ಒತ್ತಡ. ದಿನಾ ನಡ್ಯಾವ್ರಿಗೆ 10,000ಕ್ಕಿಂತ ಕಡಿಮಿ ಬ್ಯಾಡ ಅಂತೀನಿ ನಾ.

ಇನ್ನೊಂದು ಮಜಾ ಅಂದ್ರ ಪ್ಲಾಸ್ಟಿಕ್ ಚೀಲಾನೂ ವಾಟರ್‌ಪ್ರೂಫ್ ಐತಿ, ಹಾಕ್ಕೊಂಡು ಜೋರಾಗಿ ನಡದ್ರ ಒಳಗ ಬೆವರಿನಿಂದನ ತೊಯ್ತೀರಿ. ಅದಕ್ಕ ಉಸುರಾಡೂ ಪೊರಿ ಬೇಕು. 1969ರಾಗ ಬಾಬ್ ಗೋರ್ ಅನ್ನಾವ ಕಾಯಿಸಿದ ಟೆಫ್ಲಾನ್ ಕಡ್ಡೀನ ನಿಧಾನ ಎಳದು ಎಳದು ಸಾಕಾಗಿ, ಸಿಟ್ಟಿಗೆ ಒಮ್ಮೆಲೆ ಜಗ್ಗಿದ್ನಂತ, ಮುರೀಲಿಲ್ಲ, ಉದ್ದಕ್ಕ ಹಿಗ್ತು. ಗೋರ್‌ಟೆಕ್ಸ್ ಅನ್ನೂ ಪೊರಿ ಹುಟ್ಟಿದ್ದು ಹಂಗ. ಅದರಾಗಿನ ತೂತು ನೀರಿನ ಹನಿಗೆ ಸಣ್ಣವು, ಬೆವರಿನ ಆವಿಗೆ ದೊಡ್ಡವು. ಈಗ ಬ್ಯಾರೆ ಬ್ಯಾರೆ ಕಂಪ್ನಿಯವ್ರದೂ ಇಂಥಾ ಪೊರಿ ಅದಾವು, ಆ ಹೆಸರಿಗೇ ರೊಕ್ಕ ಸುರೀಬೇಕಂತೇನಿಲ್ಲ.

ಅಂದಂಗ ನೀವು ಹೊಂಟಿದ್ದು ಗ್ಲಾಸ್ಗೋಕ್ಕ ಅಲ್ರಿ, ಎರಡು ಬಟ್ಟಿ ನಡುವ ರಬ್ಬರ್ ಹಚ್ಚಿ 1823ರಾಗ ಪೇಟೆಂಟ್ ತಗೊಂಡ ಚಾರ್ಲ್ಸ್ ಮ್ಯಾಕಿಂಟಾಶ್ ಅದೇ ಊರಾವ. ಇವತ್ತಿಗೂ ಅಲ್ಲಿ ರೇನ್‌ಕೋಟಿಗೆ ಮ್ಯಾಕ್ ಅಂತಾರ. ಆ ಊರಾಗ ಹುಟ್ಟಿದಾವಗ ಇದು ತಲ್ಯಾಗ ಬಂದಿದ್ದು ಏನ್ ದೊಡ್ಡ ಆಶ್ಚರ್ಯ ಅಲ್ಲ ಬಿಡ್ರಿ.

ತೀರ್ಥಳ್ಳಿ_ಮಳೆಹುಡ್ಗಿ

ಅಯ್ಯೋ ಇಷ್ಟೊಂದಿದೆಯಾ ಇದ್ರಲ್ಲಿ! ತುಂಬಾ ಥ್ಯಾಂಕ್ಸ್. ಆದ್ರೆ ಟೇಪು, 10,000, ಟೋಪಿಗೆ ದಾರ ಎಲ್ಲಾ ಇರೋದನ್ನ ಹುಡುಕಿದ್ರೆ ಬರೋದೆಲ್ಲ ಬೆಟ್ಟ ಹತ್ತೋರ ಜಾಕೆಟ್ಟು, ನೇರಳೆ ಬಣ್ಣ, ಸೊಂಟಕ್ಕೇ ನಿಲ್ಲುತ್ತೆ, ಕುರ್ತಾ ಕೆಳಗೆ ಒಂದಡಿ ಇಣುಕುತ್ತೆ. ಮತ್ತೆ ಬೆಚ್ಚಗೂ ಇಲ್ಲ, ಬರೀ ತೆಳ್ಳಗಿನ ಬಟ್ಟೆ. ವುಲನ್ ಕೋಟ್ ಬಗ್ಗೆ ಯಾರೂ ಹೇಳ್ಲೇ ಇಲ್ಲ.

ಕುಡ್ಲದ_ಟೈಲರ್ರಮ್ಮ

ನಾನು ಡಬ್ಲಿನ್‌ನಲ್ಲಿ ಇರೋದು ಮಾರಾಯ್ತಿ, ನಿಮ್ಮ ಗ್ಲಾಸ್ಗೋದ ತಂಗಿ ಇದು, ಮಳೆ ಕಮ್ಮಿ, ಗಾಳಿ ಅದೇ. ಅಮ್ಮ ಟೈಲರಿಂಗ್ ಮಾಡ್ತಾ ಇದ್ದದ್ದು, ಹಾಗಾಗಿ ಕೋಟು ನೋಡಿದ ಕೂಡಲೇ ನನ್ನ ಕಣ್ಣು ಹೋಗುವುದು ಕಟಿಂಗ್ ಮೇಲೆ.

ವುಲ್ ಬಗ್ಗೆ ಮೊದಲು. ನಿಮ್ಮ ಮಲೆನಾಡಲ್ಲಿ ಅಜ್ಜಂದಿರು ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿತಿದ್ರಲ್ಲ, ಅದೇ ಲೆಕ್ಕ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ನೀರು ಹೀರಿದ್ರೂ ಮೈಗೆ ಒದ್ದೆ ಅಂತ ಅನ್ನಿಸುವುದಿಲ್ಲ, ಆದ್ರೆ ಅದು ದಾಟಿತು ಅಂದ್ರೆ ಮುಗೀತು, ಕೋಟು ಮಣಭಾರ, ಒಣಗ್ಲಿಕ್ಕೆ ಎರಡು ದಿವಸ, ಮತ್ತೆ ಲಿಫ್ಟಲ್ಲಿ ಕುರಿ ವಾಸನೆ. ಚಂದ ಉಂಟು, ಇಲ್ಲ ಅಂತಲ್ಲ, ಸೇಲಲ್ಲಿ ಸಿಕ್ಕಿದ್ರೆ ಒಂದು ತೆಗ್ದಿಡು, ಮಳೆ ಇಲ್ಲದ ದಿವಸಕ್ಕೆ. ದಿನದ ಕೋಟು ಅದಲ್ಲ.

ನೀನು ಹುಡುಕಬೇಕಾದ್ದು ಪಾರ್ಕಾ ಶೇಪಿನ ಶೆಲ್, ಹೊರಗೆ ನೀರು ತಡೆಯುವ ನುಣುಪು ಬಟ್ಟೆ, ಒಳಗೆ ತೆಳ್ಳಗೆ ಹತ್ತಿಯ ಹಾಗಿರುವ ಸಿಂಥೆಟಿಕ್. ಪುಕ್ಕ ಬೇಡ, ಸಿಂಥೆಟಿಕ್ ಆದ್ರೆ ನೆಂದ್ರೂ ಪೂರ್ತಿ ಕೈ ಕೊಡುವುದಿಲ್ಲ. ಇಲ್ಲದಿದ್ರೆ ತ್ರೀ ಇನ್ ವನ್ ಅಂತ ಬರ್ತದೆ, ಒಳಗಿನ ಜಾಕೆಟ್ ಜಿಪ್ ತೆಗೆದು ಬೇರೆ ಹಾಕ್ಲಿಕ್ಕೆ ಆಗ್ತದೆ. ನನಗೆ ಅದು ಅಷ್ಟು ಇಷ್ಟ ಇಲ್ಲ, ಎರಡೂ ಒಟ್ಟಿಗೆ ಹಾಕಿದ್ರೆ ಕಂಕುಳಲ್ಲಿ ಗಂಟು ಕಟ್ಟಿದ ಹಾಗೆ. ಬೆಟ್ಟದವರ ಅಂಗಡಿ ಬಿಟ್ಟು ಡಿಡ್ರಿಕ್‌ಸನ್ಸ್, ಹೆಲಿ ಹ್ಯಾನ್ಸನ್ ಇಂಥವರ ಊರೊಳಗೆ ಹಾಕುವ ಕೋಟು ನೋಡು. ಸ್ವೀಡನ್, ನಾರ್ವೆಯ ಮೀನುಗಾರರಿಗೆ ಬಟ್ಟೆ ಹೊಲಿದು ಬೆಳೆದವರು ಅವ್ರು, ನೀರಿನ ವಿಷಯ ಹೇಳಿಕೊಡಬೇಕಾಗಿಲ್ಲ.

ಚಂದ ಕಾಣುವುದು ಹೇಗೆ ಅಂತ ಕೇಳಿದ್ದಿಯಲ್ಲ. ನಿನ್ನ ಎತ್ತರಕ್ಕೆ ತೊಡೆಯ ನಡು ಅಥವಾ ಮಂಡಿಗಿಂತ ಎರಡಿಂಚು ಮೇಲೆ ನಿಲ್ಲಬೇಕು. ಮಾಡೆಲ್ ಇರುವುದು 5 ಅಡಿ 9, ಅವಳಿಗೆ ಮಂಡಿ ಮುಟ್ಟುವುದು ನಿನಗೆ ಮೀನಖಂಡಕ್ಕೆ ಬರ್ತದೆ, ಆಗಲೇ ಸಿಲಿಂಡರ್ ಆಗುವುದು. ಅಡ್ಡ ಹೊಲಿಗೆಯ ದಪ್ಪ ದಪ್ಪ ಉರುಟು ಬೇಡ, ಭುಜದಿಂದ ಕೆಳಗೆ ಉದ್ದಕ್ಕೆ ಇಳಿಯುವ ಪ್ರಿನ್ಸೆಸ್ ಕಟ್ ಇದ್ರೆ ಅದೇ ಸೊಂಟ ತೋರಿಸ್ತದೆ. ಸೊಂಟಕ್ಕೆ ದಾರ ಹೊರಗಲ್ಲ, ಒಳಗಿಂದ ಎಳೆಯುವ ಹಾಗೆ ಇರಬೇಕು. ಕೆಳಗೆ ಸ್ವಲ್ಪ ಅರಳಿದ್ರೆ ಕುರ್ತಾಕ್ಕೂ ಜಾಗ, ಸೊಂಟದ ಕೆಳಗಿನ ದಪ್ಪವೂ ಮುಚ್ಚಿತು. ಜಿಪ್ ಎರಡು ಕಡೆಯಿಂದ ತೆಗೆಯುವಂಥದ್ದೇ ಬೇಕು, ಇದು ನಾನು ಬಿಟ್ಟು ಕೊಡುವುದಿಲ್ಲ, ಬಸ್ಸಲ್ಲಿ ಕೂತಾಗ, ಮೆಟ್ಟಿಲು ಹತ್ತುವಾಗ ಕೆಳಗಿಂದ ಬಿಚ್ಚಿದ್ರೆ ಆರಾಮ. ಭುಜ ಸರಿ ಕೂತಿದೆಯಾ ನೋಡು ಮೊದಲು, ಸೊಂಟ ಯಾರಾದ್ರೂ ಹಿಡಿದು ಕೊಡ್ತಾರೆ, ಟೇಪ್ ಹಾಕಿದ ಕೋಟಿನ ಭುಜ ಬಿಚ್ಚಿ ಹೊಲಿದ್ರೆ ಅಲ್ಲಿಂದಲೇ ನೀರು.

ಕ್ಲೈಡ್_ದಂಡೆ_ಅಕ್ಕ

ಟೈಲರ್ರಮ್ಮನ ಮಾತಿಗೆ ಅಡ್ಡಿ ಇಲ್ಲ. ಸೈಜ್ ಬಗ್ಗೆ ಒಂದು ಮಾತು, ಟ್ರಯಲ್ ಮಾಡೋವಾಗ ದಪ್ಪ ಸ್ವೆಟರ್ ಹಾಕ್ಕೊಂಡೇ ಹೋಗು, ಕೈ ಮುಂದೆ ಚಾಚು, ಮೇಲೆ ಎತ್ತು. ಬೆಚ್ಚಗಿರೋ ಕೆಲಸ ಅರ್ಧ ಆ ಸ್ವೆಟರ್‌ದು. ಇಲ್ಲಿ ಆಫೀಸು, ಅಂಗಡಿ ಒಳಗೆಲ್ಲ ಹೀಟರ್ ಉರೀತಿರುತ್ತೆ, ಕೋಟೇ ತುಂಬಾ ದಪ್ಪ ಇದ್ರೆ ಸಬ್‌ವೇಲಿ ಬೆವರಿ ಸಾಯ್ತೀಯ, ಸ್ವೆಟರ್ ಆದ್ರೆ ಬೇಕಾದಾಗ ತೆಗೀಬಹುದು.

ಬೆಂಗಳೂರಲ್ಲಿ ಕೋಟ್ ತಗೋಬೇಡ. ಥರ್ಮಲ್ಸ್, ಸ್ವೆಟರ್ ತಗೊಂಡು ಬಾ, ಊರಲ್ಲಿ ಟಿಬೆಟಿಯನ್ನರು ಚಳಿಗಾಲಕ್ಕೆ ಹಾಕ್ತಾರಲ್ಲ ಆ ಅಂಗಡೀಲಿ ಸಿಗೋದೂ ಆಗುತ್ತೆ. ಜನವರೀಲಿ ಇಲ್ಲಿ ಸೇಲ್ ನಡೀತಿರುತ್ತೆ, ನನ್ನ ಕೋಟು 190ರದ್ದು ಹಾಗೇ 110ಕ್ಕೆ ಸಿಕ್ತು. ಆನ್‌ಲೈನಲ್ಲಿ ತರಿಸಿದ್ರೆ ಕೈ ಸೇರಿದ ಮೇಲೆ 14 ದಿನದೊಳಗೆ ಬೇಡ ಅನ್ನೋ ಹಕ್ಕು ಕಾನೂನಲ್ಲೇ ಇದೆ, ಎರಡು ಸೈಜ್ ತರಿಸಿ ಒಂದು ವಾಪಸ್ ಕಳಿಸು, ಟ್ಯಾಗ್ ಕೀಳದೆ. ಬೈರ್ಸ್ ರೋಡ್ ಕಡೆ ಚಾರಿಟಿ ಅಂಗಡಿಗಳಿವೆ, ಅಲ್ಲಿ ಒಳ್ಳೊಳ್ಳೇ ಕೋಟ್ ಬರುತ್ತೆ, ಆದ್ರೆ ಹಳೇ ಕೋಟಲ್ಲಿ ಒಳಗಿನ ಟೇಪ್ ಸುಲಿದು ಬಂದಿದೆಯಾ ಅಂತ ಬೆರಳಾಡಿಸಿ ನೋಡು, ಸುಲಿದಿದ್ರೆ ಮುಟ್ಟಬೇಡ.

ಬಣ್ಣ ಮಾತ್ರ ಕಪ್ಪು ಬೇಡ ಪ್ಲೀಸ್. ಡಿಸೆಂಬರಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಸೂರ್ಯ ಮುಳುಗುತ್ತೆ, ಊರಿಗೆ ಊರೇ ಕಪ್ಪು ಕೋಟ್, ಡ್ರೈವರ್‌ಗೆ ಯಾರೂ ಕಾಣಲ್ಲ. ನಂದು ಸಾಸಿವೆ ಹಳದಿ. ನಮ್ಮ ಮೈಬಣ್ಣಕ್ಕೆ ಎಷ್ಟು ಒಪ್ಪುತ್ತೆ ಗೊತ್ತಾ?

ದಾರ_ಸೂಜಿ_ಹುಬ್ಬಳ್ಳಿ

ತೊಳಿಯೂದರ ಬಗ್ಗೆ ಯಾರೂ ಹೇಳ್ಲಿಲ್ಲ. ಫ್ಯಾಬ್ರಿಕ್ ಕಂಡೀಷನರ್ ಹಾಕಬ್ಯಾಡ್ರಿ, ಅದು ಬಟ್ಟಿ ಮ್ಯಾಲೆ ಕುಂತು ನೀರು ಹೀರ್ಕೊಳ್ಳೂ ಹಂಗ ಮಾಡ್ತೈತಿ. ನಿಕ್‌ವ್ಯಾಕ್ಸ್ ಥರದ ತೊಳಿಯೂ ಲಿಕ್ವಿಡ್ ಇದಕ್ಕಂತನ ಸಿಗ್ತಾವು. ಹನಿ ಜಾರೂದು ನಿಂತು ಬಟ್ಟಿ ಕಪ್ಪಗ ತೊಯ್ಯಾಕ ಹತ್ತಿದ್ರ ಕೋಟು ಹೋತು ಅಂತ ಒಗೀಬ್ಯಾಡ್ರಿ. ತೊಳದು, ಲೇಬಲ್ ಒಪ್ಪಿದ್ರ ಡ್ರೈಯರ್‌ನ್ಯಾಗ ಸಣ್ಣ ಬಿಸಿ ಕೊಡ್ರಿ, ಬಾಳ ಸಲ ಕೋಟಿಂಗ್ ತಾನ ಜೀವಾ ಹಿಡಿತೈತಿ, ಇಲ್ಲಂದ್ರ ಮತ್ತ ಹೊಸದಾಗಿ ಸ್ಪ್ರೇ.

ತೀರ್ಥಳ್ಳಿ_ಮಳೆಹುಡ್ಗಿ

ಅಪ್‌ಡೇಟ್, ಫೆಬ್ರವರಿ. ಬಂದು ಮೂರು ವಾರ ಆಯ್ತು. ನಾಲ್ಕು ಅಂಗಡಿ ಸುತ್ತಿ ಎಲ್ಲಾ ಕೋಟಿನ ಒಳಮೈ ತಿರುಗಿಸಿ ನೋಡಿ ನೋಡಿ ಒಂದು ಕಡೆ ಸೇಲ್ಸ್ ಹುಡ್ಗಿ ಏನಾದ್ರೂ ಕಳೆದ್ಕೊಂಡ್ರಾ ಅಂತ ಕೇಳಿದ್ಲು. ಕೊನೆಗೆ ಪೆಟೀಟ್ (ಕುಳ್ಳಗಿರೋರ) ಸೈಜಲ್ಲಿ ಒಂದು ಸಿಕ್ತು, ಇಟ್ಟಿಗೆ ಕೆಂಪು, ತೊಡೆ ಅರ್ಧಕ್ಕೆ ಬರುತ್ತೆ, ಫುಲ್ ಟೇಪ್, ಒಳಗೆ ಸಿಂಥೆಟಿಕ್, ಎರಡು ಕಡೆ ಜಿಪ್, 135 ಪೌಂಡ್. ತೋಳು ಒಂದಿಂಚು ಉದ್ದ ಆಯ್ತು, ಗ್ಲೌಸ್ ಮರೆತ ದಿನ ಅದೇ ಗ್ಲೌಸ್. ಅಮ್ಮ ವಿಡಿಯೋ ಕಾಲಲ್ಲಿ ನೋಡಿ ಸ್ವಲ್ಪ ತೆಳ್ಳಗಾಗಿದೀಯಾ ಅಂದ್ರು, ಇದಕ್ಕಿಂತ ಇನ್ನೇನ್ ಬೇಕು.

ನಿನ್ನೆ ಬೆಳಗ್ಗೆ ಅಡ್ಡಮಳೇಲಿ ಪೂರ್ತಿ 20 ನಿಮಿಷ ನಡೆದೆ. ಕೋಟಿನೊಳಗೆ ಹೊಲಿಗೇಲಿ, ಭುಜದಲ್ಲಿ ಎಲ್ಲೂ ಒಂದು ಹನಿ ಇಲ್ಲ. ಆದ್ರೆ ಕೋಟು ಮುಗಿಯೋ ಕಡೆಯಿಂದ ಕೆಳಗೆ ಜೀನ್ಸ್ ಹಿಂಡಿದ್ರೆ ಒಂದು ಚೊಂಬು ನೀರು, ಶೂ ಒಳಗೆ ಕಪ್ಪೆ ಸಾಕಬಹುದು. ಅದಕ್ಕೇನ್ ಮಾಡ್ಲಿ ಅಕ್ಕಾ?

ಕ್ಲೈಡ್_ದಂಡೆ_ಅಕ್ಕ

ಜೀನ್ಸ್ ಬಿಟ್ಟುಬಿಡು, ಅದು ಸಂಜೆ ತನಕ ಒಣಗಲ್ಲ. ತೆಳ್ಳಗಿನ ಲೆಗ್ಗಿಂಗ್ಸ್ ಹಾಕ್ಕೊಂಡು ಬಂದು ಆಫೀಸಲ್ಲಿ ಬದಲಾಯಿಸು, ನಾವೆಲ್ಲ ಡ್ರಾಯರಲ್ಲಿ ಒಂದು ಜೊತೆ ಪ್ಯಾಂಟ್, ಸಾಕ್ಸ್ ಇಟ್ಟಿರ್ತೀವಿ. ಶೂ ಬಗ್ಗೆ ಬೇರೆ ಪೋಸ್ಟ್ ಹಾಕು, ಅದೊಂದು ರಾಮಾಯಣ ಇಲ್ಲಿ ಹಿಡಿಸಲ್ಲ.