ಕೊಟ್ಟಿಗೆಯಲ್ಲಿ ಒಂದೇ ಕುದುರೆ: ಮನೆಯ ಸಾಮಾನಲ್ಲೇ ಎಷ್ಟು ಸುಧಾರಿಸಬಹುದು?

ತೋಟದಮನೆ_ಕೊರಟಗೆರೆ:
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದ ಕಾಠಿಯಾವಾಡಿ ಹೆಣ್ಣು ಕುದುರೆ. ಮೊದಲು ಮದುವೆ ಮೆರವಣಿಗೆಗೆ ಹೋಗುತ್ತಿತ್ತು. ಈಗ ವಾರಕ್ಕೆರಡು ಸಲ ಮಣ್ಣು ದಾರಿಯಲ್ಲಿ ಸವಾರಿ, ಮಿಕ್ಕ ದಿನ ಮೇಯೋದು. ಪಕ್ಕದಲ್ಲೇ ಎರಡು ಹಸು ಇವೆ. ರಾಗಿಹುಲ್ಲಿನ ಬಣವೆ, ಎರಡು ಗುಂಟೆ ನೇಪಿಯರ್ ಹುಲ್ಲು ಇದೆ. ಲಾಯದ ಸಾಮಾನು ಆನ್‌ಲೈನಲ್ಲಿ ನೋಡಿದರೆ ಕೈಗೆಟುಕಲ್ಲ. ಹಸುವಿನ ಮೇವೇ ಇದಕ್ಕೂ ನಡೆಯುತ್ತಾ? ಲಾಳ ಹೊಡೆಯೋರು ಎರಡು ತಿಂಗಳಿಗೊಮ್ಮೆ ಬರೋದು, ನಡುವೆ ಗೊರಸು ನಾವೇ ನೋಡ್ಕೋಬಹುದಾ? ಬಕೆಟ್ಟು, ಹಗ್ಗ, ಬ್ರಷ್ಷಿಗೆಲ್ಲ ಮನೆಯಲ್ಲಿರೋದೇ ಸಾಕಾ?

ಹುರುಳಿ_ಬುತ್ತಿ:
ಮೇವಿನ ಮಾತು ನನಗಿರಲಿ. ರಾಗಿಹುಲ್ಲು ಧಾರಾಳವಾಗಿ ಕೊಡಿ, ಭತ್ತದ ಹುಲ್ಲಿಗಿಂತ ಎಷ್ಟೋ ವಾಸಿ. ಭತ್ತದ ಹುಲ್ಲು ಒರಟು, ಸತ್ವ ಕಡಿಮೆ. ಅದನ್ನೇ ಹೊಟ್ಟೆ ತುಂಬ ತಿಂದು ನೀರು ಕಡಿಮೆ ಕುಡಿದರೆ ಕರುಳಲ್ಲಿ ಗಟ್ಟಿಕಟ್ಟುತ್ತೆ.

350 ಕೆಜಿ ಕುದುರೆಗೆ ದಿನಕ್ಕೆ ಸುಮಾರು 7 ಕೆಜಿ ಒಣ ಪದಾರ್ಥ ಬೇಕು. ಅಂದರೆ ರಾಗಿಹುಲ್ಲು 4ರಿಂದ 5 ಕೆಜಿ, ಹಸಿಮೇವು 8ರಿಂದ 10 ಕೆಜಿ (ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ), ಹುರುಳಿ ಅರ್ಧ ಕೆಜಿ. ಒಂದೇ ಹೊತ್ತಿಗೆ ಸುರಿಯಬೇಡಿ. ಕುದುರೆಯ ಜಠರ ಚಿಕ್ಕದು, ದಿನವಿಡೀ ಸ್ವಲ್ಪ ಸ್ವಲ್ಪ ಮೇಯೋ ಪ್ರಾಣಿ ಅದು. ಮೂರು ನಾಲ್ಕು ಸಲ ಹಾಕಿ, ದೊಡ್ಡ ಪಾಲು ರಾತ್ರಿಗಿರಲಿ. ನೀರು ದಿನಕ್ಕೆ 25ರಿಂದ 40 ಲೀಟರ್.

ನೇಪಿಯರ್ ಬಗ್ಗೆ ಎಚ್ಚರ. ಅದರಲ್ಲಿರೋ ಆಕ್ಸಲೇಟ್ ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಸೇರೋಕೆ ಬಿಡಲ್ಲ. ಅದರ ಜೊತೆಗೆ ಗೋಧಿ ಬೂಸಾ ಬೇರೆ ಕೊಟ್ಟರೆ ಇನ್ನೂ ಕಷ್ಟ, ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣ ಕಡಿಮೆ. ಇದೇ ತಿಂಗಳುಗಟ್ಟಲೆ ನಡೆದರೆ ದೇಹ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತೆ. ಮುಖದ ಮೂಳೆ ಉಬ್ಬುತ್ತೆ, ಕುದುರೆ ಕುಂಟೋಕೆ ಶುರುವಾಗುತ್ತೆ. ಎರಡು ಸಾಲು ಕುದುರೆ ಮಸಾಲೆ ಬೆಳೆದುಕೊಳ್ಳಿ. ಹೆಸರಲ್ಲೇ ಕುದುರೆ ಇರೋ ಸೊಪ್ಪು, ಸುಣ್ಣದಂಶ ಚೆನ್ನಾಗಿದೆ, ದಿನಕ್ಕೆ 2-3 ಕೆಜಿ ಹಸಿ ಸಾಕು. ಬೂಸಾ ಒಂದೆರಡು ಹಿಡಿಗಿಂತ ಹೆಚ್ಚು ಬೇಡ.

ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಬೇಯಿಸಿ. ಹಸಿ ಹುರುಳಿಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯೋ ಅಂಶ ಇರುತ್ತೆ, ಬೆಂದರೆ ಹೋಗುತ್ತೆ. ಎರಡು ಬೆರಳ ನಡುವೆ ಹಿಸುಕಿದರೆ ಮುದ್ದೆಯಾಗಬೇಕು. ಆರಿದ ಮೇಲೆ ಎರಡು ಚಮಚ ಕಲ್ಲುಪ್ಪು ಬೆರೆಸಿ. ಬೇಸಿಗೆಯಲ್ಲಿ ಬೆಳಗಿನದು ಸಂಜೆಗೆ ಹುಳಿಯಾಗಿರುತ್ತೆ, ಮೂಸಿ ನೋಡಿ, ಹುಳಿ ಬಂದಿದ್ದರೆ ಎಸೆಯಿರಿ. ಅಂಥದ್ದು ತಿಂದೇ ಎಷ್ಟೋ ಕುದುರೆಗಳಿಗೆ ಹೊಟ್ಟೆಯುಬ್ಬರ ಬರೋದು. ಯಾವ ಮೇವು ಬದಲಿಸಿದರೂ ಎಂಟು ಹತ್ತು ದಿನ ಹಿಡಿದು ನಿಧಾನಕ್ಕೆ ಬದಲಿಸಿ.

ಹಸುವಿನ ಫೀಡ್ ಬೇಡ. ಕೋಳಿ ಫೀಡ್ ಅಂತೂ ಹತ್ತಿರಕ್ಕೂ ಬರಬಾರದು. ಅದರಲ್ಲಿ ಬೆರೆಸೋ ಮೊನೆನ್ಸಿನ್, ಸಲಿನೊಮೈಸಿನ್ ಥರದ ಔಷಧಿ ಕೋಳಿಗೆ ಒಗ್ಗುತ್ತೆ, ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸಿಬಿಡುತ್ತೆ. ಕೆಲವು ದನದ ಫೀಡಿಗೂ ಮೊನೆನ್ಸಿನ್ ಹಾಕುತ್ತಾರೆ. ಬೂಷ್ಟು ಹಿಡಿದ ಮುಸುಕಿನಜೋಳವೂ ಅಷ್ಟೇ ಅಪಾಯ, ಮಿದುಳಿಗೆ ಹೊಡೆಯುತ್ತೆ. ಮೊರದಲ್ಲಿ ಕೇರಿ ಸ್ವಚ್ಛ ಮಾಡಿದರೆ ಬೂಷ್ಟು ಹೋಯಿತು ಅಂದುಕೊಳ್ಳಬೇಡಿ, ವಿಷ ಕಾಳಿನೊಳಗೇ ಇರುತ್ತೆ.

ಲಾಳ_ಮೊಳೆ:
ಸವಾರಿ ಮಣ್ಣು ದಾರಿಯಲ್ಲೇ ಆದರೆ ಲಾಳ ತೆಗೆಸಿಬಿಡಿ. ಎರಡು ತಿಂಗಳು ಒಂದೇ ಲಾಳ ಬಿಟ್ಟರೆ ಗೊರಸು ಮುಂದಕ್ಕೆ ಬೆಳೆಯುತ್ತೆ, ಲಾಳವೂ ಅದರ ಜೊತೆ ಜಾರಿ ಹಿಮ್ಮಡಿ ಒತ್ತೋಕೆ ಶುರುಮಾಡುತ್ತೆ. ಲಾಳವಿಲ್ಲದ ಗೊರಸನ್ನು 6ರಿಂದ 8 ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ನಡುವೆ ಹತ್ತು ದಿನಕ್ಕೊಮ್ಮೆ ಹಾರ್ಡ್‌ವೇರ್ ಅಂಗಡಿಯ ದೊಡ್ಡ ಅರದಿಂದ ಹೊರ ಅಂಚನ್ನು ಮಾತ್ರ ದುಂಡಗೆ ಉಜ್ಜಿ, ಸೀಳು ಬಿಡಲ್ಲ. ಅಂಗಾಲಿಗೆ ಚಾಕು ಹಾಕೋದು ಲಾಳ ಹೊಡೆಯೋರ ಕೆಲಸ, ನಿಮ್ಮದಲ್ಲ.

ಗೊರಸು ದಿನಾ ಕೆದಕಿ. ಮೊನೆ ಮೊಂಡು ಮಾಡಿದ ಸ್ಕ್ರೂಡ್ರೈವರ್ ಸಾಕು. ಹಿಮ್ಮಡಿಯಿಂದ ಮುಂದಕ್ಕೆ ಎಳೆಯಿರಿ. ತಿರುಗಾಮುರುಗಾ ಕೆದಕಿದರೆ ನಡುವಿನ ಮೂರು ಮೂಲೆಯ ಮೆತ್ತನೆ ಭಾಗಕ್ಕೆ ಚುಚ್ಚುತ್ತೆ. ಅದರ ಅಕ್ಕಪಕ್ಕದ ಸಂದಿಯಲ್ಲಿ ಕಪ್ಪಗೆ ಜಿಗುಟಾಗಿದ್ದು ಕೊಳೆತ ವಾಸನೆ ಬಂದರೆ, ನಿಲ್ಲೋ ಜಾಗ ಗಂಜಲದಲ್ಲಿ ನೆನೆದಿದೆ ಅಂತ. ಮೊದಲು ನೆಲ ಒಣಗಿಸಿ. ಆಮೇಲೆ ಒಂದು ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ ಕರಗಿಸಿ, ಹತ್ತಿ ಅದ್ದಿ ಸಂದಿಗೆ ತುಂಬಿ. ರಕ್ತ ಬರೋ ಜಾಗಕ್ಕೆ ಬೇಡ, ಉರಿಯುತ್ತೆ.

ಇದ್ದಕ್ಕಿದ್ದಂತೆ ಒಂದು ಕಾಲು ಊರದೆ, ಗೊರಸು ಬಿಸಿಯಾಗಿದ್ದರೆ ಒಳಗೆ ಕೀವು ಇರಬಹುದು. ಡಾಕ್ಟರ್ ಸೀಳಿ ಕೀವು ತೆಗೆದ ಮೇಲೆ ಮನೆಯಲ್ಲೇ ಪಟ್ಟು ಹಾಕಬಹುದು. ಎಪ್ಸಂ ಸಾಲ್ಟ್ ಒಂದು ಬಟ್ಟಲು (ಗೊಬ್ಬರದಂಗಡಿಯ ಮೆಗ್ನೀಸಿಯಂ ಸಲ್ಫೇಟ್ ಅದೇ, ಹೊರಗೆ ಹಚ್ಚೋಕೆ ನಡೆಯುತ್ತೆ, ಬಾಯಿಗೆ ಬೇಡ), ನಾಲ್ಕು ಹಿಡಿ ಬೂಸಾ, ಬೆಚ್ಚಗಿನ ನೀರು ಸೇರಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ. ಮಗುವಿನ ದೊಡ್ಡ ಸೈಜ್ ಡೈಪರ್ ಒಳಗೆ ಹರಡಿ, ಅಂಗಾಲಿಗೆ ಒತ್ತಿ, ಅದರ ಅಂಟುಪಟ್ಟಿಯಲ್ಲೇ ಬಿಗಿಯಿರಿ. ಡಕ್ಟ್ ಟೇಪಿನ ಏಳೆಂಟು ಪಟ್ಟಿಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತುವಂತೆ ಹಲಗೆಯ ಮೇಲೆ ಅಂಟಿಸಿ, ಅಡ್ಡಡ್ಡ ಇನ್ನೊಂದು ಪದರ ಹಾಕಿದರೆ ಚೌಕದ ತೇಪೆ ಸಿಗುತ್ತೆ. ಇಷ್ಟನ್ನು ಕಾಲೆತ್ತೋಕೆ ಮುಂಚೆಯೇ ಮಾಡಿಟ್ಟುಕೊಳ್ಳಿ. ಅಂಗಾಲಿನ ಕೆಳಗೆ ಆ ತೇಪೆ ಕೊಟ್ಟು ಸುತ್ತಲೂ ಮಡಚಿ ಟೇಪ್ ಸುತ್ತಿ. ಗೊರಸು ಚರ್ಮ ಕೂಡೋ ಗೆರೆ ದಾಟಿ ಟೇಪ್ ಮೇಲೆ ಹೋಗಬಾರದು, ರಕ್ತ ಸಂಚಾರ ನಿಲ್ಲುತ್ತೆ. ದಿನಕ್ಕೊಮ್ಮೆ ಬದಲಿಸಿ.

ಮೊಳೆ ಚುಚ್ಚಿ ಒಳಗೇ ನಿಂತಿದ್ದರೆ ಕೀಳಬೇಡಿ, ಎಷ್ಟು ಆಳ, ಯಾವ ದಿಕ್ಕು ಅಂತ ಡಾಕ್ಟರ್ ನೋಡಬೇಕು. ಧನುರ್ವಾಯುವಿನ ಲಸಿಕೆ ವರ್ಷವರ್ಷ ತಪ್ಪದೆ ಹಾಕಿಸಿ. ಕುದುರೆಗೆ ಆ ರೋಗ ತಗಲುವಷ್ಟು ಸುಲಭವಾಗಿ ದನಕ್ಕೆ ತಗಲಲ್ಲ.

ಸೆಣಬಿನ_ದಾರ:
ಸಾಮಾನಿನ ಲೆಕ್ಕ ಸಲೀಸು. 20 ಲೀಟರ್ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು, ಹಿಡಿ ಕಿತ್ತು, ಹಳೇ ಕಾರ್ ಟೈರ್ ನಡುವೆ ಕೂರಿಸಿ, ಒದ್ದರೂ ಬೀಳಲ್ಲ. ತಂತಿ ಹೊರಬಂದ ಟೈರ್ ಬೇಡ. ಮೈ ಉಜ್ಜೋಕೆ ಒಣ ತೆಂಗಿನಕಾಯಿ ಸಿಪ್ಪೆ, ಬೆವರು ಒರೆಸೋಕೆ ಗೋಣಿತಾಟು. ಜೀನಿನ ಕೆಳಗೆ ಉಣ್ಣೆ ಕಂಬಳಿ ಮಡಚಿ ಹಾಕಬಹುದು, ಒಂದು ಸುಕ್ಕೂ ಇರಬಾರದು. ನೈಲಾನ್ ಹೊದಿಕೆ ಬೆವರು ಹೀರಲ್ಲ, ಬೆನ್ನು ಹುಣ್ಣಾಗುತ್ತೆ.

ಹಗ್ಗ ಹತ್ತಿಯದಿರಲಿ. ನೈಲಾನ್ ಹಗ್ಗ ಕಾಲಿಗೆ ಸಿಕ್ಕಿ ಎಳೆದಾಡಿದರೆ ಚರ್ಮ ಸುಟ್ಟ ಹಾಗೆ ಸುಲಿಯುತ್ತೆ. ಕಂಬಕ್ಕೆ ನೇರ ಕಟ್ಟಬೇಡಿ. ಕಂಬಕ್ಕೆ ಗೋಣಿ ಹೊಲಿಯೋ ಸುತಳಿಯ ಒಂದು ಕುಣಿಕೆ ಹಾಕಿ, ಹಗ್ಗವನ್ನು ಅದಕ್ಕೆ ಕಟ್ಟಿ. ಕುದುರೆ ಬೆದರಿ ಹಿಂದಕ್ಕೆ ಎಳೆದಾಗ ಸುತಳಿ ಕಿತ್ತುಹೋಗಬೇಕು, ಕುದುರೆಯ ಕತ್ತಿಗೆ ಪೆಟ್ಟಾಗಬಾರದು. ಮುಳ್ಳುತಂತಿ ಬೇಲಿ ಇದ್ದರೆ ಬೇರೆಲ್ಲಕ್ಕಿಂತ ಮೊದಲು ಅದನ್ನು ತೆಗೆಸಿ.

ತೂಕಕ್ಕೆ ದರ್ಜಿ ಟೇಪ್ ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡೂ ಸೆಂಟಿಮೀಟರಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11877ರಿಂದ ಭಾಗಿಸಿ. 160, 150 ಇದ್ದರೆ ಸುಮಾರು 323 ಕೆಜಿ. ಜಂತುಹುಳದ ಔಷಧಿಗೆ ಈ ಲೆಕ್ಕ ಬೇಕೇ ಬೇಕು.

ತೋಟದಮನೆ_ಕೊರಟಗೆರೆ:
ತುಂಬಾ ಉಪಕಾರವಾಯಿತು. ಇನ್ನೊಂದೇ. ಹೊಟ್ಟೆನೋವು ಬಂದರೆ ಗೊಟ್ಟದಲ್ಲಿ (ಔಷಧಿ ಕುಡಿಸೋ ಕೊಳವೆ) ಎಣ್ಣೆ ಹಾಕಿ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ಹಸುವಿಗೆ ಹಾಕ್ತೀವಲ್ಲ?

ಹುರುಳಿ_ಬುತ್ತಿ:
ದಯವಿಟ್ಟು ಹಾಕಬೇಡಿ. ತಲೆ ಎತ್ತಿಹಿಡಿದು ಸುರಿದ ಎಣ್ಣೆ ಸುಲಭವಾಗಿ ಶ್ವಾಸಕೋಶಕ್ಕೆ ಇಳಿಯುತ್ತೆ, ಹೊಟ್ಟೆನೋವು ವಾಸಿಯಾದರೂ ನ್ಯುಮೋನಿಯಾದಲ್ಲಿ ಹೋಗುತ್ತೆ. ಮೇಲಾಗಿ ಕುದುರೆಗೆ ವಾಂತಿ ಮಾಡೋಕೆ ಆಗಲ್ಲ. ಜಠರ ತುಂಬಿ ಬಿಗಿದಿರೋವಾಗ ಇನ್ನಷ್ಟು ಸುರಿದರೆ ಒಡೆಯಬಹುದು. ಎಣ್ಣೆ ಬೇಕಾದರೆ ಡಾಕ್ಟರೇ ಮೂಗಿನ ಮೂಲಕ ನಳಿಗೆ ಇಳಿಸಿ ಹಾಕಬೇಕು.

ನೆಲ ಕೆರೆಯೋದು, ಪಕ್ಕೆ ತಿರುಗಿ ತಿರುಗಿ ನೋಡೋದು, ಲದ್ದಿ ನಿಲ್ಲೋದು ಕಂಡ ಕೂಡಲೇ ಮೇವು ತೆಗೆಯಿರಿ, ನೀರು ಇರಲಿ. ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಕುದುರೆ ಅಂತ ಮೊದಲೇ ಹೇಳಿ, ನಳಿಗೆ ತರಬೇಕಾಗುತ್ತೆ. ಬರೋ ತನಕ ಇಷ್ಟು ಬರೆದಿಟ್ಟುಕೊಳ್ಳಿ. ದವಡೆ ಕೆಳಗಿನ ನಾಡಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ, ಆರಾಮಾಗಿರೋವಾಗ 28ರಿಂದ 44. 60 ದಾಟಿದರೆ ಫೋನಲ್ಲಿ ಅದನ್ನೇ ಮೊದಲು ಹೇಳಿ. ಜ್ವರ ಮನುಷ್ಯರ ಡಿಜಿಟಲ್ ಥರ್ಮಾಮೀಟರಲ್ಲೇ, ಗುದದಲ್ಲಿಟ್ಟು ನೋಡಬಹುದು. ಅದರ ಹಿಂತುದಿಗೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಬಾಲದ ಕೂದಲಿಗೆ ಹಾಕಿ, ಇಲ್ಲದಿದ್ದರೆ ಒಳಗೆ ಜಾರಿಹೋಗುತ್ತೆ. 37.5ರಿಂದ 38.5 ಸೆಲ್ಸಿಯಸ್ ಸರಿ. ಒಸಡು ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಲ್ಲಿ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಹೊರಳೋಕೆ ಹವಣಿಸಿದರೆ ಹತ್ತು ನಿಮಿಷ ನಿಧಾನಕ್ಕೆ ನಡೆಸಿ. ಸುಮ್ಮನೆ ಮಲಗಿದ್ದರೆ ಹೊಡೆದೆಬ್ಬಿಸಬೇಡಿ, ಮಲಗಿರಲಿ.