41 ಮಕ್ಕಳ ಒಂದು ವರ್ಷವನ್ನು ಎರಡು ಪುಟದಲ್ಲಿ ಹೇಗೆ ಬರೆಯಲಿ?

ಸೀಮೆಸುಣ್ಣ (ಪ್ರಶ್ನೆ)

ಹೈಸ್ಕೂಲಿನ ಕೊನೆಯ ತರಗತಿಗೆ ಈ ವರ್ಷ ನಾನೇ ಕ್ಲಾಸ್ ಟೀಚರ್. ವಿಜ್ಞಾನ ಪಾಠ ಮಾಡುತ್ತೇನೆ. 41 ಮಕ್ಕಳು. ಫಲಿತಾಂಶ ಬಂದಾಯಿತು. ಇನ್ನು ಹತ್ತು ದಿನಕ್ಕೆ ಎಲ್ಲರೂ ಕೊನೆಯ ಸಲ ಸೇರುತ್ತಾರೆ. ಅವತ್ತು ‘ಈ ತರಗತಿಯ ಸಾಧನೆಗಳು’ ಅಂತ ನಾನು ಎರಡು ಪುಟ ಓದಬೇಕು. ಆಮೇಲೆ ಅದೇ ಶಾಲೆಯ ಸಂಚಿಕೆಯಲ್ಲೂ ಅಚ್ಚಾಗುತ್ತದೆ.

ಆಫೀಸಿನಿಂದ ಒಂದು ಪಟ್ಟಿ ಕೈಗೆ ಬಂದಿದೆ. ಐದು ಜನ ಟಾಪರ್‌ಗಳು. ಪ್ರಬಂಧ ಸ್ಪರ್ಧೆಯಲ್ಲಿ ಒಂದು ಬಹುಮಾನ, ಉದ್ದಜಿಗಿತದಲ್ಲಿ ಒಂದು ಪದಕ, ಚೆಸ್‌ನಲ್ಲಿ ಒಂದು. ಪ್ರಬಂಧ ಬರೆದವಳು ಟಾಪರೂ ಹೌದು. ಬೆರಳು ಮಡಚಿ ಎಣಿಸಿದೆ, ಏಳೇ ಹೆಸರು. ಇನ್ನು 34 ಮಕ್ಕಳು ಅವತ್ತು ಕುರ್ಚಿಯಲ್ಲಿ ಕೂತು ಈ ಏಳು ಜನಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬೇಕು.

ಪಟ್ಟಿಯಲ್ಲಿ ಇಲ್ಲದ್ದು ಏನೇನಿದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ವರ್ಷದ ಶುರುವಿನಲ್ಲಿ ಹಿಂದಿನ ಬೆಂಚಿನ ನಾಲ್ಕು ಹುಡುಗರಿಗೆ ಒಂದು ಮಳೆಮಾಪಕ ಕೊಟ್ಟಿದ್ದೆ. ನಿಜ ಹೇಳಬೇಕೆಂದರೆ, ಪಾಠದ ಹೊತ್ತಿನಲ್ಲಿ ಅವರ ಗಲಾಟೆ ಕಡಿಮೆಯಾಗಲಿ ಅಂತ ಕೊಟ್ಟದ್ದು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ಪುಸ್ತಕದಲ್ಲಿ ಬರೆದು, ನೀರು ಚೆಲ್ಲಬೇಕು. ಅಷ್ಟೇ ಕೆಲಸ. ಒಂದು ತಿಂಗಳು ನಡೆದರೆ ಜಾಸ್ತಿ ಅಂದುಕೊಂಡಿದ್ದೆ. 300 ದಿನ ನಡೆಸಿದರು. ರಜೆಯಲ್ಲೂ, ಶಾಲೆಗೆ ಹತ್ತಿರವಿರುವ ಹುಡುಗ ಬಂದು ನೋಡುತ್ತಿದ್ದ. 291 ದಿನ ಅಂಕಿ ಇದೆ, 9 ದಿನ ಖಾಲಿ. ಖಾಲಿ ಬಿಟ್ಟ ಕಡೆ ಸೊನ್ನೆ ಹಾಕಿಲ್ಲ. ಮಳೆ ಬಾರದ ದಿನ ಬೇರೆ, ನೋಡದ ದಿನ ಬೇರೆ ಅನ್ನೋದನ್ನು ನಾನು ಒಂದೇ ಒಂದು ಸಲ ಹೇಳಿದ್ದು.

ಇದನ್ನು ಸಾಧನೆ ಅನ್ನಬಹುದಾ? ಯಾರೂ ಪದಕ ಕೊಟ್ಟಿಲ್ಲ. ಹೆಡ್‌ಮೇಷ್ಟ್ರು ‘ಅದು ಕ್ಲಾಸಿನ ಚಟುವಟಿಕೆ ಕಣಮ್ಮ, ಸಾಧನೆ ಅಲ್ಲ’ ಅಂದರು.

ಇನ್ನೂ ಎರಡು ಮಾತು. ಗಣಿತದಲ್ಲಿ ತರಗತಿಯ ಸರಾಸರಿ ಮೊದಲ ಪರೀಕ್ಷೆಯಲ್ಲಿ 58 ಇತ್ತು, ಕೊನೆಯದರಲ್ಲಿ 64. ಪಟ್ಟಿಯಲ್ಲಿ ಇದನ್ನು ಟಾಪರ್‌ಗಳ ಹೆಸರಿನ ಕೆಳಗೇ ಹಾಕಿದ್ದಾರೆ. ಮತ್ತೆ, 41ರಲ್ಲಿ 39 ಮಕ್ಕಳು ಪಾಸು. ಇಬ್ಬರು ಆಗಲಿಲ್ಲ. ಆ ಇಬ್ಬರೂ ಅವತ್ತು ಬರುತ್ತಾರೆ. ಅವರ ಮುಂದೆ ಏನು ಓದಲಿ?

ಲೆಕ್ಕದ ಮೇಷ್ಟ್ರು

ಮೇಡಂ, ಸರಾಸರಿಯ ಮಾತು ಬಂದಿದ್ದಕ್ಕೆ ಕೈ ಸುಮ್ಮನಿರಲಿಲ್ಲ.

58 ರಿಂದ 64, ಅಂದರೆ ತಲೆಗೆ 6 ಅಂಕ ಏರಿದೆ. 41 ಜನಕ್ಕೆ ಒಟ್ಟು 246 ಅಂಕ. ನಿಮ್ಮ ಐದು ಟಾಪರ್‌ಗಳು ಮೊದಲ ಪರೀಕ್ಷೆಯಲ್ಲೇ 90 ದಾಟಿರುತ್ತಾರೆ ಅಂದುಕೊಳ್ಳೋಣ. ಕೊನೆಗೆ ಐವರೂ ನೂರಕ್ಕೆ ನೂರು ತೆಗೆದರೂ ಅವರಿಂದ ಸೇರುವುದು 50ಕ್ಕಿಂತ ಕಡಿಮೆ. ಉಳಿದ 196ಕ್ಕೂ ಹೆಚ್ಚು ಅಂಕ ಎಲ್ಲಿಂದ ಬಂತು? ಬೇರೆ 36 ಮಕ್ಕಳಿಂದ. ಅದು ಬಿಟ್ಟು ಬೇರೆ ದಾರಿಯೇ ಇಲ್ಲ. ಮೇಲಿರುವವರಿಗೆ ಏರಲು ಜಾಗವೇ ಇರೋದಿಲ್ಲ ನೋಡಿ. ಸರಾಸರಿಯನ್ನು ಎತ್ತಿದ್ದು ನಡುವಿನ ಬೆಂಚು, ಹಿಂದಿನ ಬೆಂಚು. ಈ ಲೆಕ್ಕವನ್ನೇ ಹಾಗೇ ಓದಿಬಿಡಿ, ಮಕ್ಕಳಿಗೆ ಅರ್ಥವಾಗುತ್ತದೆ. ಆದರೆ ಎರಡೂ ಪ್ರಶ್ನೆಪತ್ರಿಕೆ ಒಂದೇ ಮಟ್ಟದ್ದಾಗಿತ್ತಾ ಅಂತ ಗಣಿತದವರನ್ನು ಮೊದಲು ಕೇಳಿ. ಕೊನೆಯದು ಸುಲಭವಿದ್ದರೆ ನನ್ನ ಈ ಮಾತೆಲ್ಲ ನೀರಲ್ಲಿ ಹೋಮ.

ಇನ್ನೊಂದು. ಫಲಿತಾಂಶವನ್ನು 95.12% ಅಂತ ಬರೆಯಬೇಡಿ. 41 ಜನರಲ್ಲಿ ಒಬ್ಬ ಅಂದರೆ ಸುಮಾರು ಎರಡೂವರೆ ಶೇಕಡ. ಅದಕ್ಕೆ ಎರಡು ದಶಮಾಂಶ ಅಂಟಿಸೋದು ಸುಮ್ನೆ ಆಡಂಬರ. ‘41ರಲ್ಲಿ 39’ ಸಾಕು. ಕಳೆದ ವರ್ಷ 34ರಲ್ಲಿ 33 ಪಾಸಾಗಿದ್ದರೆ 97 ಚಿಲ್ಲರೆ ಆಗುತ್ತದೆ, ಆಗ ಈ ವರ್ಷ ಫಲಿತಾಂಶ ಇಳಿದಿದೆ ಅಂತ ಯಾರಾದರೂ ಗೊಣಗುತ್ತಾರೆ. ಇಳಿದದ್ದು ಏನು? ಒಬ್ಬ ಹುಡುಗ. ಅವನಿಗೆ ಏನಾಯಿತು ಅಂತ ಕೇಳಬೇಕೇ ಹೊರತು ಶೇಕಡ ಹಿಡಿದು ಜಗಳ ಆಡೋದಲ್ಲ.

ಸೀಟಿ

ನಾನು ಪಿ.ಟಿ. ಮೇಷ್ಟ್ರು. ಮೇಡಂ, ನಿಮ್ಮ ಪಟ್ಟಿಯಲ್ಲಿ ರಿಲೇ ಇಲ್ಲ. ತಂಡ ಇರಲಿಲ್ವಾ? ಇತ್ತು, ಮೂರರೊಳಗೆ ಬರಲಿಲ್ಲ, ಅದಕ್ಕೇ ಬಿಟ್ಟಿದ್ದಾರೆ ಅಂತ ನನ್ನ ಊಹೆ.

ಒಂದು ಲೆಕ್ಕ ನಾನೂ ಹೇಳುತ್ತೇನೆ, ಲೆಕ್ಕದ ಮೇಷ್ಟ್ರು ಒಬ್ಬರೇ ಯಾಕೆ ಹೇಳಬೇಕು. 100 ಮೀಟರಿನಲ್ಲಿ ಉಸೇನ್ ಬೋಲ್ಟ್ ದಾಖಲೆ 9.58 ಸೆಕೆಂಡು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಮೈಕಾ ತಂಡ 4×100 ರಿಲೇ ಓಡಿದ್ದು 36.84ರಲ್ಲಿ. ನಾಲ್ಕರಿಂದ ಭಾಗಿಸಿ, ತಲೆಗೆ 9.21 ಬರುತ್ತದೆ. ಬೋಲ್ಟೂ ಇದ್ದ ಆ ತಂಡದ ನಾಲ್ವರೂ ಅವನ ದಾಖಲೆಗಿಂತ ಜೋರಾ? ಅಲ್ಲ. ಮೊದಲನೆಯವನನ್ನು ಬಿಟ್ಟು ಉಳಿದ ಮೂವರು ನಿಂತಲ್ಲಿಂದ ಶುರು ಮಾಡುವುದಿಲ್ಲ, ಓಡುತ್ತಲೇ ಬ್ಯಾಟನ್ ಹಿಡಿಯುತ್ತಾರೆ. ಆ ಹಿಡಿಯೋದು 30 ಮೀಟರ್ ಜಾಗದೊಳಗೆ ಮುಗಿಯಬೇಕು. ಹೊರಗೆ ಹೋದರೆ ತಂಡವೇ ಔಟ್. ಹಿಂತಿರುಗಿ ನೋಡದೆ ಕೈ ಚಾಚಬೇಕು. ಬ್ಯಾಟನ್ ಬಂದೇ ಬರುತ್ತದೆ ಅಂತ ನಂಬಬೇಕು. ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಹಾಗಾಗಿ ನಿಮ್ಮ ಪಿ.ಟಿ. ಮೇಷ್ಟ್ರ ಹತ್ತಿರ ಎರಡು ಅಂಕಿ ಕೇಳಿ. ನಾಲ್ವರ ಬಿಡಿ 100 ಮೀಟರ್ ಸಮಯ ಕೂಡಿದರೆ ಎಷ್ಟು? ತಂಡವಾಗಿ ಓಡಿದ್ದು ಎಷ್ಟರಲ್ಲಿ? ನಡುವಿನ ವ್ಯತ್ಯಾಸ ಇದೆಯಲ್ಲ, ಅದು ಆ ಮಕ್ಕಳ ವರ್ಷದ ದುಡಿಮೆ. ಪದಕ ಸಿಗುವುದು ಬಿಡುವುದು ಪಕ್ಕದ ಲೇನಿನಲ್ಲಿ ಯಾರಿದ್ದರು ಅನ್ನೋದರ ಮೇಲೂ ಹೋಗುತ್ತದೆ.

ಪಟ್ಟಿಯಲ್ಲಿ ಇಲ್ಲದವನು

ಎಲ್ಲರೂ ಒಳ್ಳೇದನ್ನೇ ಹೇಳುತ್ತಿದ್ದೀರಿ. ನಾನು ಸ್ವಲ್ಪ ತಕರಾರು ಎತ್ತುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ.

ನಾನು ಹೈಸ್ಕೂಲು ಮುಗಿಸಿ ಹನ್ನೆರಡು ವರ್ಷವಾಯಿತು. ನಮ್ಮ ಟೀಚರಿಗೂ ನಿಮ್ಮ ಹಾಗೇ ಅನಿಸಿತ್ತು, ಯಾರೂ ಬಿಟ್ಟುಹೋಗಬಾರದು ಅಂತ. ಎಲ್ಲರಿಗೂ ಒಂದೊಂದು ಬಿರುದು ಕೊಟ್ಟರು. ನನ್ನ ಸರದಿ ಬಂದಾಗ ‘ಸದಾ ನಗುವ ಹುಡುಗ’ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ, ಬೇರೇನು ಮಾಡಲಿ? ಆದರೆ ನನಗೆ ಗೊತ್ತಾಯಿತು, ನನ್ನ ಬಗ್ಗೆ ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ಹೆಸರೇ ಓದದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ತಮಾಷೆ ಅಂದರೆ ಹೇಳಲು ವಿಷಯ ಇತ್ತು. ಆ ವರ್ಷ ಶಾಲೆಯ ಅಷ್ಟೂ ಕಾರ್ಯಕ್ರಮಕ್ಕೆ ಮೈಕು, ವೈರು, ಸ್ಪೀಕರು ಜೋಡಿಸಿದ್ದು ನಾನು ಮತ್ತು ನನ್ನ ಗೆಳೆಯ. ಅವರು ನನಗೆ ಬಿರುದು ಓದಿದ ಮೈಕು ಕೂಡ ನಾವು ಹಾಕಿದ್ದೇ. ಕುಯ್ ಅಂತ ಕೂಗದ ಹಾಗೆ ಸ್ಪೀಕರನ್ನು ಮೈಕಿನ ಮುಂದಕ್ಕೆ ಸರಿಸಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ಕಾರ್ಯಕ್ರಮ ಕೆಡಿಸಿ ಕಲಿತದ್ದು.

ಅದಕ್ಕೇ ಹೇಳೋದು, ಗುಣ ಬರೆಯಬೇಡಿ, ಮಾಡಿದ್ದನ್ನು ಬರೆಯಿರಿ. ‘ಶ್ರದ್ಧೆಯ ಹುಡುಗರು’ ಅಂತ ಬೇಡ. ‘300 ದಿನದಲ್ಲಿ 291 ದಿನ ಮಳೆ ಅಳೆದರು’ ಅಂತ ಬರೆಯಿರಿ. ಒಬ್ಬರ ಬಗ್ಗೆ ಅಂಥದ್ದು ಏನೂ ಸಿಗಲಿಲ್ಲವಾ? ಆಗ ತೋಚಿದ್ದನ್ನು ತುಂಬಬೇಡಿ. ಅವರ ಪಕ್ಕದಲ್ಲಿ ಕೂರುವವರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಎರಡು ಮಕ್ಕಳ ತಾಯಿ

ಒಂದೇ ಮಾತು. ಓದುವ ಮೊದಲು ಆ ಮಗುವನ್ನು ಕೇಳಿ. ನನ್ನ ಮಗಳ ಬಗ್ಗೆ ‘ಮನೆಯ ಕಷ್ಟದ ನಡುವೆಯೂ’ ಅಂತ ಒಂದು ವಾಕ್ಯ ಓದಿದ್ದರು, ಒಳ್ಳೇ ಮನಸ್ಸಿನಿಂದಲೇ. ಅವಳು ಆ ವರ್ಷವೆಲ್ಲ ಅದನ್ನು ಗೆಳತಿಯರಿಂದ ಮುಚ್ಚಿಟ್ಟಿದ್ದಳು. ಅಚ್ಚಾದ ಆ ಸಂಚಿಕೆಯನ್ನು ಅವಳು ಇವತ್ತಿಗೂ ತೆರೆದು ನೋಡಿಲ್ಲ.

ಸೀಮೆಸುಣ್ಣ

ಎಲ್ಲರಿಗೂ ನಮಸ್ಕಾರ. ಐದು ದಿನ ಇತ್ತ ಬರಲಾಗಲಿಲ್ಲ, ಇದೇ ಕೆಲಸದಲ್ಲಿದ್ದೆ.

ಪಟ್ಟಿಯಲ್ಲಿ ಇಲ್ಲದವರೇ, ಬೇಜಾರೇನೂ ಇಲ್ಲ. ನಾನೂ ಹಾಗೇ ಬಿರುದು ಬರೆಯಲು ಶುರು ಮಾಡಿದ್ದೆ. ‘ಮೃದು ಮಾತಿನ’ ಅಂತ ಮೂವರಿಗೆ ಬರೆದಾಗಿತ್ತು. ನಿಮ್ಮ ಉತ್ತರ ಓದಿ ಆ ಹಾಳೆ ಹರಿದೆ. ಮಾರನೇ ದಿನ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟೆ. ಪಕ್ಕದಲ್ಲಿ ಕೂತವರು ಈ ವರ್ಷ ಮಾಡಿದ ಒಂದು ಕೆಲಸ ಬರೆಯಿರಿ, ಗುಣ ಬೇಡ ಅಂತ ಹೇಳಿದೆ. ಬಂದ ಚೀಟಿಗಳನ್ನು ಓದಿ ಸುಸ್ತಾದೆ. ಗ್ರಂಥಾಲಯದ ಹರಿದ 60 ಪುಸ್ತಕಕ್ಕೆ ಇಬ್ಬರು ಬೈಂಡ್ ಹಾಕಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಕಾಲು ಮುರಿದ ಹುಡುಗಿಗೆ ಏಳು ವಾರ ಎಲ್ಲ ಪಾಠದ ನೋಟ್ಸ್ ಎರಡೆರಡು ಪ್ರತಿ ಬರೆದವಳು ಒಬ್ಬಳಿದ್ದಾಳೆ. ಅವಳ ಅಕ್ಷರ ಚೆನ್ನಾಗಿಲ್ಲ ಅಂತ ನಾನೇ ಎಷ್ಟು ಸಲ ಬೈದಿದ್ದೇನೋ.

ಸೀಟಿ ಸರ್, ನಿಮ್ಮ ಊಹೆ ಸರಿ. ನಮ್ಮ ಹುಡುಗಿಯರು ರಿಲೇಯಲ್ಲಿ ನಾಲ್ಕನೆಯವರು. ಬಿಡಿ ಸಮಯ ಕೂಡಿದರೆ 60 ಸೆಕೆಂಡು ದಾಟುತ್ತದೆ, ತಂಡವಾಗಿ ಓಡಿದ್ದು 57ರಲ್ಲಿ. ಅದನ್ನು ಬರೆದಿದ್ದೇನೆ. ಲೆಕ್ಕದ ಮೇಷ್ಟ್ರೇ, ಗಣಿತದವರನ್ನು ಕೇಳಿದೆ. ಕೊನೆಯ ಪತ್ರಿಕೆಯೇ ಕಷ್ಟವಿತ್ತಂತೆ. ನಿಮ್ಮ 246ರ ಲೆಕ್ಕ ಹಾಗೇ ಹಾಕಿದ್ದೇನೆ. ಹೆಡ್‌ಮೇಷ್ಟ್ರು ಎರಡು ಸಲ ಕೂಡಿ ಕಳೆದು ನೋಡಿ, ಏನೂ ಹೇಳದೆ ಸಹಿ ಹಾಕಿದರು.

ಎಲ್ಲರಿಗೂ ಅವರವರ ಸಾಲು ಮೊದಲೇ ತೋರಿಸಿದೆ. ನಾಲ್ವರು ‘ಬೇಡ ಮೇಡಂ’ ಅಂದರು, ತೆಗೆದೆ.

ಇನ್ನು ಆ ಮಳೆಮಾಪಕ. ನಿಮಗೆ ಹೇಳಿರಲಿಲ್ಲ, ಪಾಸಾಗದ ಇಬ್ಬರಲ್ಲಿ ಒಬ್ಬ ಅದೇ ರಜೆಯಲ್ಲಿ ಬರುತ್ತಿದ್ದ ಹುಡುಗ. ಪುಸ್ತಕದಲ್ಲಿ ಜಾಸ್ತಿ ಇರುವುದು ಅವನ ಅಕ್ಷರವೇ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಅಂತ ಪಾಠದಲ್ಲಿ ಹೇಳಿದ್ದೆ. ಅವನು ಶಾಲೆಯ ಚಾವಣಿಯನ್ನು ಹೆಜ್ಜೆಯಲ್ಲಿ ಅಳೆದು, ಸುಮಾರು 400 ಚದರ ಮೀಟರ್ ಅಂತ ಹಿಡಿದು, 20 ಮಿ.ಮೀ. ಬಿದ್ದ ದಿನದ ಪುಟದ ಅಂಚಿನಲ್ಲಿ ‘8,000 ಲೀಟರ್ ಚರಂಡಿಗೆ’ ಅಂತ ಬರೆದಿಟ್ಟಿದ್ದಾನೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿರಲಿಲ್ಲ.

ನಿನ್ನೆ ಅವನನ್ನು ಸ್ಟಾಫ್ ರೂಮಿಗೆ ಕರೆದು ಅವರ ಸಾಲು ತೋರಿಸಿದೆ. ‘300 ದಿನಗಳಲ್ಲಿ 291 ದಿನ.’ ಅವನೂ ಬೇಡ ಅನ್ನಬಹುದು ಅಂತ ಹೆದರಿದ್ದೆ. ನಿಧಾನವಾಗಿ ಓದಿದ. ಆಮೇಲೆ ಪುಸ್ತಕ ಕೇಳಿ ತೆಗೆದುಕೊಂಡು, ಒಂದು ಪುಟ ಹುಡುಕಿ, ಒಂದು ಸೊನ್ನೆಯ ಮೇಲೆ ಬೆರಳಿಟ್ಟ.

‘290 ಅಂತ ಹಾಕಿ ಮೇಡಂ. ಇದೊಂದು ದಿನ ನಾನು ನೋಡಿರಲಿಲ್ಲ, ಸುಮ್ನೆ ಬರೆದಿದ್ದೆ.’

ತಿದ್ದಿದ್ದೇನೆ. ನಾಳೆ ಪ್ರತಿ ಅಚ್ಚಿಗೆ ಹೋಗುತ್ತದೆ.